ಕ್ಯಾಂಪ್ ಮುಗಿದ ಮರುದಿನ ಯಾರಿರುತ್ತಾರೆ?

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಆಸ್ಪತ್ರೆ ಇದ್ದರೂ ಅಲ್ಲಿಗೆ ತಲುಪಲಾಗದವರಿಗೆ ಊರಿನವರು, ಸಂಘದವರು, ಸರ್ಕಾರ ಸೇರಿ ಏನು ಮಾಡಬಹುದು ಎಂದು ಕೇಳಿದ್ದೀರಿ. ಸಮುದಾಯ ಆರೋಗ್ಯ ಕ್ಷೇತ್ರದ ವೈದ್ಯರೊಬ್ಬರು ಉತ್ತರಿಸಿದ್ದಾರೆ.

ಡಾಕ್ಟರೇ, ನಮ್ಮದು ಹನೂರು ತಾಲ್ಲೂಕಿನ ಒಂದು ಯುವಕರ ಸಂಘ. ವರ್ಷಕ್ಕೊಮ್ಮೆ ಕಾಡಂಚಿನ ಪೋಡುಗಳಲ್ಲಿ, ಅಂದರೆ ಬುಡಕಟ್ಟು ಜನರ ಹಾಡಿಗಳಲ್ಲಿ, ಆರೋಗ್ಯ ಶಿಬಿರ ಮಾಡಿಸುತ್ತೇವೆ. ಅವತ್ತು ಜನ ಚೆನ್ನಾಗಿ ಸೇರುತ್ತಾರೆ. ಆದರೆ ಬಿಪಿ, ಶುಗರ್ ಇದೆ ಎಂದು ಗೊತ್ತಾದವರೂ ಆಮೇಲೆ ಆಸ್ಪತ್ರೆ ಕಡೆ ತಲೆ ಹಾಕುವುದಿಲ್ಲ. ಜನರಿಗೆ ತಿಳಿವಳಿಕೆ ಸಾಲದು ಅನಿಸುತ್ತದೆ. ಏನು ಮಾಡೋಣ?

ತಿಳಿವಳಿಕೆ ಸಾಲದು ಎಂದು ತೀರ್ಮಾನಿಸುವ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ಶಿಬಿರದಲ್ಲಿ ಬಿಪಿ ಮಾತ್ರೆ ಬರೆಸಿಕೊಂಡ ಒಬ್ಬ ಅಜ್ಜಿಯನ್ನು ಹುಡುಕಿ. ಅವರ ಜೊತೆ ಎರಡನೇ ತಿಂಗಳ ಮಾತ್ರೆ ತರಲು ನೀವೂ ಹೊರಡಿ. ಪೋಡಿನಿಂದ ರಸ್ತೆಗೆ ನಡೆಯಬೇಕು. ಜೀಪಿಗೋ ಬಸ್ಸಿಗೋ ಕಾಯಬೇಕು. ಒಂದು ದಿನದ ಕೂಲಿ ಬಿಡಬೇಕು. ಅಲ್ಲಿ ಚೀಟಿಗೆ ಒಂದು ಸಾಲು, ಡಾಕ್ಟರಿಗೆ ಒಂದು ಸಾಲು, ಮಾತ್ರೆಗೆ ಮತ್ತೊಂದು ಸಾಲು. ಇಷ್ಟಾದ ಮೇಲೆ ಆ ಮಾತ್ರೆ ಸ್ಟಾಕ್ ಇಲ್ಲ ಅಂದರೆ ಮುಂದಿನ ತಿಂಗಳು ಆ ಅಜ್ಜಿ ಹೋಗುತ್ತಾರಾ? ನಾನೂ ಹೋಗುವುದಿಲ್ಲ, ನೀವೂ ಹೋಗುವುದಿಲ್ಲ. ದೂರ, ಖರ್ಚು, ಅಲ್ಲಿ ಸಿಗುವ ಮರ್ಯಾದೆ, ಈ ಮೂರೂ ಸೇರಿ ಜನರನ್ನು ಆಸ್ಪತ್ರೆಯಿಂದ ದೂರ ಇಡುತ್ತವೆ.

ಇದಕ್ಕೆ ದಾರಿ ಹುಡುಕಿದವರು ನಿಮ್ಮ ಜಿಲ್ಲೆಯಲ್ಲೇ ಇದ್ದಾರೆ. ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗ ಬುಡಕಟ್ಟಿನವರ ನಡುವೆ ಕೆಲಸ ಮಾಡಲು ಬಂದು, 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಮುಂದೆ ಯಳಂದೂರು ತಾಲ್ಲೂಕಿನಲ್ಲಿ ಕುಷ್ಠರೋಗ ಜಾಸ್ತಿ ಇತ್ತು ಎಂದು 1986ರಲ್ಲಿ ಕರುಣಾ ಟ್ರಸ್ಟ್ ಹುಟ್ಟಿತು. 1996ರಲ್ಲಿ ರಾಜ್ಯ ಸರ್ಕಾರ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು (ಪಿಎಚ್‌ಸಿ) ನಡೆಸಲು ಈ ಟ್ರಸ್ಟಿಗೆ ಕೊಟ್ಟಿತು. ಆಸ್ಪತ್ರೆ ಸರ್ಕಾರದ್ದೇ, ಚಿಕಿತ್ಸೆ ಉಚಿತವೇ. ದಿನದಿನದ ನಿರ್ವಹಣೆ ಮಾತ್ರ ಟ್ರಸ್ಟಿನದು. ಮೂರ್ಛೆರೋಗ, ಮಾನಸಿಕ ಕಾಯಿಲೆಯಂಥವುಗಳಿಗೆ ದೊಡ್ಡ ಊರಿಗೇ ಹೋಗಬೇಕು ಎಂದುಕೊಂಡಿದ್ದ ಜನರಿಗೆ ಅಲ್ಲೇ ಮಾತ್ರೆ ಸಿಗತೊಡಗಿತು.

ಈ ಕಥೆಯಲ್ಲಿ ನನಗೆ ದೊಡ್ಡದಾಗಿ ಕಾಣುವುದು ಬೆಟ್ಟದ ಕೇಂದ್ರ ಸೋಲಿಗ ಹೆಣ್ಣುಮಕ್ಕಳಿಗೇ ಎಎನ್‌ಎಂ (ಸಹಾಯಕ ನರ್ಸ್) ತರಬೇತಿ ಕೊಟ್ಟ ಕೆಲಸ. ತನ್ನ ಭಾಷೆ ಆಡುವ, ತನ್ನ ಕುಲದ ಹುಡುಗಿ ನರ್ಸಮ್ಮನಾಗಿ ಬಂದಾಗ ಬಸುರಿ ಹೆಂಗಸು ಸಂಕೋಚ ಬಿಟ್ಟು ಮಾತಾಡುತ್ತಾಳೆ. ಹೊರಗಿನವರು ಎಷ್ಟೇ ಒಳ್ಳೆಯವರಾದರೂ ಈ ನಂಬಿಕೆ ಸಿಗಲು ವರ್ಷಗಳು ಬೇಕು.

ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿ ಡಾ. ಅಭಯ್ ಬಂಗ್, ಡಾ. ರಾಣಿ ಬಂಗ್ ಮಾಡಿದ್ದೂ ಇದನ್ನೇ. ಹಳ್ಳಿಯ ಹೆಂಗಸರಿಗೆ ನವಜಾತ ಶಿಶುವಿನ ಆರೈಕೆ ಕಲಿಸಿದರು. ಉಸಿರುಗಟ್ಟಿದ ಕೂಸಿಗೆ ಏನು ಮಾಡಬೇಕು, ನಂಜಾದರೆ ಹೇಗೆ ಗುರುತಿಸಬೇಕು ಎಂದು ಕೈಹಿಡಿದು ತೋರಿಸಿದರು. ಅಲ್ಲಿ ನವಜಾತ ಶಿಶುಗಳ ಸಾವು ಶೇ 62ರಷ್ಟು ಕಡಿಮೆಯಾಯಿತು ಎಂಬ ಲೆಕ್ಕ 1999ರಲ್ಲಿ ಪ್ರಕಟವಾಯಿತು. ಇವತ್ತು ಆಸ್ಪತ್ರೆಯಲ್ಲಿ ಹೆತ್ತು ಬಂದ ಬಾಣಂತಿಯ ಮನೆಗೆ ನಿಮ್ಮೂರಿನ ಆಶಾ ಕಾರ್ಯಕರ್ತೆ 42 ದಿನಗಳಲ್ಲಿ ಆರು ಸಲ ಬರುತ್ತಾರಲ್ಲ, ಅದರ ಬೇರು ಅಲ್ಲಿದೆ.

ಹಾಗಾಗಿ ನಿಮ್ಮ ಸಂಘಕ್ಕೆ ನನ್ನ ಸಲಹೆ: ಈ ವರ್ಷದ ಶಿಬಿರದ ಪೆಂಡಾಲು, ಊಟ, ಬ್ಯಾನರಿನ ದುಡ್ಡನ್ನು ಉಳಿಸಿ. ಪ್ರತಿ ಪೋಡಿನಿಂದ ಒಬ್ಬರನ್ನು ಪೋಡಿನವರೇ ಆರಿಸಲಿ. ಅವರಿಗೆ ತಿಂಗಳಿಗೆ ಗೌರವಧನ ಕೊಡಿ. ಸುಮ್ನೆ ಸೇವೆ ಮಾಡಿ ಅನ್ನಬೇಡಿ, ಬಡವರ ಸಮಯಕ್ಕೂ ಬೆಲೆ ಇದೆ. ಯಾರಿಗೆ ಯಾವ ಮಾತ್ರೆ, ಯಾವಾಗ ಮುಗಿಯುತ್ತದೆ ಎಂಬ ಪಟ್ಟಿ ಅವರ ಹತ್ತಿರ ಇರಲಿ. ಪಿಎಚ್‌ಸಿ ವೈದ್ಯಾಧಿಕಾರಿಯನ್ನು ಭೇಟಿ ಮಾಡಿ, ತಿಂಗಳಿಗೆ ಒಂದು ಗೊತ್ತಾದ ದಿನ ನರ್ಸಮ್ಮ ಮಾತ್ರೆ ಸಮೇತ ಪೋಡಿಗೆ ಬರುವಂತೆ ಮಾತಾಡಿ. ಅವರ ಓಡಾಟಕ್ಕೆ ಜೀಪಿನ ವ್ಯವಸ್ಥೆ ನಿಮ್ಮದಾಗಲಿ.

ಕುಡಗೋಲು ಕಣ ರೋಗದ ವಿಷಯದಲ್ಲಂತೂ ಇದು ಇನ್ನೂ ಮುಖ್ಯ. ಸಿಕಲ್ ಸೆಲ್ ಅನ್ನುತ್ತಾರಲ್ಲ, ಅದೇ. ರಕ್ತದ ಕೆಂಪು ಕಣಗಳು ಕುಡಗೋಲಿನಂತೆ ಬಾಗುವ, ಹುಟ್ಟಿನಿಂದಲೇ ಬರುವ ಕಾಯಿಲೆ. ದಕ್ಷಿಣ ಕರ್ನಾಟಕದ ಬುಡಕಟ್ಟು ಸಮುದಾಯಗಳಲ್ಲಿ ಇದು ಇದೆ. ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಶುರು ಮಾಡಿದ ಅಭಿಯಾನದಲ್ಲಿ 40 ವರ್ಷದೊಳಗಿನವರ ರಕ್ತ ಪರೀಕ್ಷೆ ನಡೆಯುತ್ತಿದೆ. ಪರೀಕ್ಷೆ ಮಾಡಿ ಕಾರ್ಡ್ ಕೊಡುವುದು ಒಂದು ದಿನದ ಕೆಲಸ. ಕಾಯಿಲೆ ಇದೆ ಎಂದು ಗೊತ್ತಾದ ಮಗುವಿಗೆ ಮಾತ್ರೆ ತಪ್ಪಬಾರದು, ಮೈಕೈ ನೋವು ಜೋರಾದಾಗ ಅಥವಾ ಜ್ವರ ಬಂದಾಗ ತಕ್ಷಣ ಆಸ್ಪತ್ರೆಗೆ ಸೇರಿಸಬೇಕು. ಅದು ಜೀವನಪೂರ್ತಿ ಕೆಲಸ. ಆ ಮಗುವಿನ ಮನೆ ಗೊತ್ತಿರುವವರು ಪೋಡಿನಲ್ಲೇ ಇರಬೇಕು.

ಒಂದು ಮಾತು ಸೇರಿಸುತ್ತೇನೆ. ಗುಂಬಳ್ಳಿ ಚೆನ್ನಾಗಿ ನಡೆಯಿತು ಎಂದು ಎಲ್ಲ ಆಸ್ಪತ್ರೆಗಳನ್ನೂ ಸಂಸ್ಥೆಗಳಿಗೆ ವಹಿಸಿ ಸರ್ಕಾರ ಕೈತೊಳೆದುಕೊಳ್ಳಬಾರದು. ಡಾಕ್ಟರು, ಔಷಧಿ, ಸಂಬಳ ಸರ್ಕಾರದ ಹೊಣೆ. ಸಂಘ ಆ ಹೊಣೆಯನ್ನು ನೆನಪಿಸಬೇಕು, ಹೊತ್ತುಕೊಳ್ಳಬಾರದು.

ನಾವು ಸಿಂಧನೂರು ಕಡೆಯ ಮಹಿಳಾ ಸ್ವಸಹಾಯ ಸಂಘದವರು. ನಮ್ಮ ಊರಲ್ಲಿ ಮೂರು ಮನೆಗಳಲ್ಲಿ ಟಿಬಿ ಇದೆ. ಸಹಾಯ ಮಾಡಬೇಕು ಅಂತ ಇದೆ, ಅಂಟುತ್ತದೆ ಅಂತ ಭಯವೂ ಇದೆ. ಆಹಾರದ ಕಿಟ್ ಕೊಟ್ಟರೆ ನಿಜವಾಗಿ ಉಪಯೋಗ ಆಗುತ್ತದಾ ಅಥವಾ ಬರೀ ಸಮಾಧಾನಕ್ಕಾ?

ಭಯದ ಮಾತು ಮೊದಲು. ಶ್ವಾಸಕೋಶದ ಟಿಬಿ ಗಾಳಿಯಿಂದ ಹರಡುತ್ತದೆ. ತಟ್ಟೆ, ಲೋಟ, ಬಟ್ಟೆಯಿಂದಲ್ಲ. ಸರಿಯಾದ ಮಾತ್ರೆ ಶುರುವಾದ ಕೆಲವು ವಾರಗಳಲ್ಲಿ ಸಾಮಾನ್ಯವಾಗಿ ಹರಡುವುದು ತುಂಬಾ ಕಡಿಮೆಯಾಗುತ್ತದೆ. ಅಂಗಳದಲ್ಲಿ, ಗಾಳಿ ಆಡುವ ಕಡೆ ಕೂತು ಮಾತಾಡಿಸಿ, ಅಲ್ಲಿ ಅಂಟುವ ಅಪಾಯ ತುಂಬಾ ಕಡಿಮೆ.

ಕಿಟ್ ವಿಷಯಕ್ಕೆ ಬಂದರೆ, ಅದರಿಂದ ಖಂಡಿತ ಉಪಯೋಗ ಇದೆ. ಇದಕ್ಕೆ ಗಟ್ಟಿ ಸಾಕ್ಷಿ ಒದಗಿಸಿದವರು ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಅವರ ಸಂಗಡಿಗರು. ಅವರು ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ ದೊಡ್ಡ ಅಧ್ಯಯನ ಮಾಡಿದರು. ಎಲ್ಲ ರೋಗಿಗಳಿಗೂ ತಿಂಗಳ ರೇಷನ್ ಕೊಟ್ಟರು. ಕೆಲವು ಕಡೆ ರೋಗಿಯ ಮನೆಮಂದಿಗೂ ಅಕ್ಕಿ, ಬೇಳೆ ಕೊಟ್ಟರು, ಉಳಿದ ಕಡೆ ಮನೆಮಂದಿಗೆ ಕೊಡಲಿಲ್ಲ. 10,000ಕ್ಕೂ ಹೆಚ್ಚು ಜನರ ಮೇಲೆ ಕಣ್ಣಿಟ್ಟರು. 2023ರ ಆಗಸ್ಟ್‌ನಲ್ಲಿ ಫಲಿತಾಂಶ ಬಂತು. ಮನೆಯವರಿಗೂ ಊಟ ಸಿಕ್ಕಿದ ಕಡೆ ಅವರಲ್ಲಿ ಹೊಸದಾಗಿ ಟಿಬಿ ಬರುವುದು ಶೇ 39ರಷ್ಟು ಕಡಿಮೆ. ಹರಡುವ ಜಾತಿಯ ಟಿಬಿಯನ್ನೇ ಲೆಕ್ಕ ಹಾಕಿದರೆ ಶೇ 48ರಷ್ಟು ಕಡಿಮೆ. ರೋಗಿಗಳ ತೂಕ ಮೊದಲ ಎರಡು ತಿಂಗಳಲ್ಲಿ ಏರಿದರೆ ಬದುಕುಳಿಯುವ ಸಾಧ್ಯತೆಯೂ ಜಾಸ್ತಿ ಎಂದು ಕಂಡುಬಂತು. ಹೊಟ್ಟೆತುಂಬ ಊಟ ಇಲ್ಲಿ ಔಷಧಿಯ ಕೆಲಸವನ್ನೇ ಮಾಡಿದೆ.

ಅದಕ್ಕೇ ಹೇಳುತ್ತೇನೆ, ಕಿಟ್ ಕೊಡುವುದಾದರೆ ರೋಗಿಯೊಬ್ಬರ ಲೆಕ್ಕ ಹಾಕಬೇಡಿ, ಮನೆಯ ಲೆಕ್ಕ ಹಾಕಿ. ಒಬ್ಬರಿಗೆಂದು ಕೊಟ್ಟ ಮೊಟ್ಟೆಯನ್ನು ಯಾವ ತಾಯಿಯೂ ಮಕ್ಕಳ ಮುಂದೆ ಒಬ್ಬಳೇ ತಿನ್ನುವುದಿಲ್ಲ. ರೋಗಿ ಹೆಂಗಸಾದರೆ ಇನ್ನೂ ಹುಷಾರಾಗಿರಿ. ನಮ್ಮ ಮನೆಗಳಲ್ಲಿ ಹೆಂಗಸರು ಕೊನೆಗೆ ಉಣ್ಣುತ್ತಾರೆ, ಅಲ್ವಾ? ನಿಮ್ಮ ಕಡೆ ಸಿಗುವ ಜೋಳ, ತೊಗರಿಬೇಳೆ, ಶೇಂಗಾ, ಹೆಸರುಕಾಳು, ಮೊಟ್ಟೆ ಸಾಕು. ಪಾಕೆಟ್ಟಿನ ಪ್ರೋಟೀನ್ ಪುಡಿ ಹುಡುಕಿಕೊಂಡು ಹೋಗುವುದು ಬೇಡ.

ಸರ್ಕಾರಿ ದಾರಿಯೂ ಇದೆ. 2022ರ ಸೆಪ್ಟೆಂಬರ್‌ನಲ್ಲಿ ಶುರುವಾದ ನಿಕ್ಷಯ್ ಮಿತ್ರ ಯೋಜನೆಯಲ್ಲಿ ವ್ಯಕ್ತಿ, ಸಂಘ, ಕಂಪನಿ ಯಾರು ಬೇಕಾದರೂ ಹೆಸರು ಬರೆಸಬಹುದು. ಕಡಿಮೆ ಅಂದರೆ ಆರು ತಿಂಗಳು ನೆರವು ಕೊಡಬೇಕು, ರೋಗಿಯ ಒಪ್ಪಿಗೆ ಇರಬೇಕು. ಪಿಎಚ್‌ಸಿಯಲ್ಲಿ ಕೇಳಿದರೆ ಟಿಬಿ ಮೇಲ್ವಿಚಾರಕರ ಹತ್ತಿರ ಕಳಿಸುತ್ತಾರೆ. ಜೊತೆಗೆ ಚಿಕಿತ್ಸೆ ನಡೆಯುವಷ್ಟು ಕಾಲ ರೋಗಿಯ ಖಾತೆಗೆ ತಿಂಗಳಿಗೆ ಪೋಷಣೆಯ ಹಣ ಬರುತ್ತದೆ. ಮೊದಲು 500 ರೂಪಾಯಿ ಇತ್ತು, 2024ರ ನವೆಂಬರ್‌ನಿಂದ 1,000 ಆಗಿದೆ. ಬ್ಯಾಂಕ್ ಖಾತೆ ಸರಿಯಿಲ್ಲದೆ ಎಷ್ಟೋ ಜನರಿಗೆ ಅದು ಕೈಸೇರುವುದಿಲ್ಲ. ಬ್ಯಾಂಕ್ ವ್ಯವಹಾರ ಗೊತ್ತಿರುವ ನಿಮ್ಮ ಸಂಘದ ಅಕ್ಕಂದಿರು ಒಂದು ದಿನ ಜೊತೆಗೆ ಹೋಗಿ ಅದನ್ನು ಸರಿ ಮಾಡಿಸಿದರೆ ಅದೇ ದೊಡ್ಡ ಸಹಾಯ. ಮನೆಯ ಉಳಿದವರ ಪರೀಕ್ಷೆ ಆಗಿದೆಯೇ, ಟಿಬಿ ಬಾರದಂತೆ ತಡೆಯುವ ಮಾತ್ರೆ ಶುರುವಾಗಿದೆಯೇ, ಅದನ್ನೂ ವಿಚಾರಿಸಿ.

ಫೋಟೋ ಮಾತ್ರ ತೆಗೆಯಬೇಡಿ. ಕಿಟ್ ಹಿಡಿದ ರೋಗಿಯ ಪಕ್ಕ ನಿಂತು ತೆಗೆಸಿದ ಚಿತ್ರ ವಾಟ್ಸ್‌ಆ್ಯಪ್‌ನಲ್ಲಿ ಊರೆಲ್ಲ ಸುತ್ತಿದರೆ ಆ ಮನೆಯ ಹುಡುಗಿಯ ಮದುವೆ ಮಾತುಕತೆಯೇ ನಿಲ್ಲಬಹುದು. ಆಮೇಲೆ ಊರಲ್ಲಿ ಯಾರೂ ಕೆಮ್ಮನ್ನು ಹೇಳಿಕೊಳ್ಳುವುದಿಲ್ಲ.

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟ್ ಪಕ್ಕ ದೊಡ್ಡ ಕಟ್ಟಡ ಏಳುತ್ತಿದೆ. ತಗಡಿನ ಶೆಡ್‌ಗಳಲ್ಲಿ ಯಾದಗಿರಿ, ರಾಯಚೂರು ಕಡೆಯ ಕುಟುಂಬಗಳಿವೆ. ಗರ್ಭಿಣಿಯರು, ಸಣ್ಣ ಮಕ್ಕಳು ಇದ್ದಾರೆ. ನಿವಾಸಿಗಳ ಸಂಘದಿಂದ ಏನು ಮಾಡಬಹುದು?

ಮೊದಲು ಗೇಟ್ ತೆಗೆಸಿ. ಇದು ಮಾತಿಗೆ ಹೇಳಿದ್ದಲ್ಲ. ಆಶಾ ಕಾರ್ಯಕರ್ತೆ, ನರ್ಸ್ ಬಂದರೆ ಸೈಟಿನ ಸೆಕ್ಯೂರಿಟಿ ಒಳಗೆ ಬಿಡದೆ ವಾಪಸ್ ಕಳಿಸುವುದು ನಗರದಲ್ಲಿ ಸಾಮಾನ್ಯ. ನಿಮ್ಮ ಸಂಘದ ಮಾತಿಗೆ ಬಿಲ್ಡರ್ ಹತ್ತಿರ ತೂಕ ಇದೆ. ಹತ್ತಿರದ ನಗರ ಆರೋಗ್ಯ ಕೇಂದ್ರ ಅಥವಾ ಸರ್ಕಾರದ ‘ನಮ್ಮ ಕ್ಲಿನಿಕ್’ನ ವೈದ್ಯರು, ಸೈಟ್ ಮೇಸ್ತ್ರಿ, ನೀವು, ಇಷ್ಟು ಜನ ಒಮ್ಮೆ ಕೂತು ತಿಂಗಳಿಗೆ ಒಂದು ಭೇಟಿಯ ದಿನ ಗೊತ್ತು ಮಾಡಿ. ಅದು ಭಾನುವಾರವೋ ಸಂಜೆಯೋ ಆಗಿರಲಿ. ಹಗಲು ಬಂದರೆ ಶೆಡ್‌ನಲ್ಲಿ ಯಾರೂ ಇರುವುದಿಲ್ಲ.

ಗರ್ಭಿಣಿಯರ ಹತ್ತಿರ ಊರಿನ ತಾಯಿ ಕಾರ್ಡ್ ಇದ್ದರೆ ಅದು ಇಲ್ಲೂ ನಡೆಯುತ್ತದೆ. ಇಲ್ಲದಿದ್ದರೆ ಇಲ್ಲೇ ಮಾಡಿಸಬಹುದು. ಮಕ್ಕಳ ಲಸಿಕೆಗೆ ಬೆಂಗಳೂರಿನ ವಿಳಾಸ ಬೇಕಿಲ್ಲ. ಯಾರಾದರೂ ಬೇಕು ಅಂದರೆ ನೀವು ಜೊತೆಗೆ ನಿಂತು ಕೇಳಿ. ಬಿಪಿಎಲ್ ಕಾರ್ಡ್ ಇರುವವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆ. ಆದರೆ ಪಡಿತರ ಚೀಟಿ ಊರಲ್ಲಿ ಅತ್ತೆಯ ಪೆಟ್ಟಿಗೆಯಲ್ಲಿರುತ್ತದೆ. ಅದರ ಫೋಟೋ ತರಿಸಿ ಎಲ್ಲರ ಮೊಬೈಲಿನಲ್ಲಿ ಇಡಿಸಿ.

ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ನೋಂದಣಿಯನ್ನೂ ಮರೆಯಬೇಡಿ. ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ ದೃಢೀಕರಣ ಬೇಕು. ಹೆರಿಗೆಗೆ, ಚಿಕಿತ್ಸೆಗೆ ಅಲ್ಲಿಂದ ಸಹಾಯಧನ ಇದೆ. ಆ ದೃಢೀಕರಣ ಕಾಗದವನ್ನು ಬಿಲ್ಡರ್ ಕೈಯಿಂದ ಕೊಡಿಸುವುದು ಹಳೆ ಬಟ್ಟೆ ಹಂಚುವುದಕ್ಕಿಂತ ಎಷ್ಟೋ ಮೇಲಿನ ಕೆಲಸ.

ನಮ್ಮ ಹಳ್ಳಿಯಲ್ಲಿ ಆರೋಗ್ಯ ಸಮಿತಿ ಇದೆ, ಅದಕ್ಕೆ ಹಣ ಬರುತ್ತದೆ ಅನ್ನುತ್ತಾರೆ. ಯಾರಿಗೂ ಲೆಕ್ಕ ಗೊತ್ತಿಲ್ಲ. ಕೇಳಬಹುದಾ?

ಕೇಳಲೇಬೇಕು. ಅದರ ಪೂರ್ತಿ ಹೆಸರು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ. ಪಂಚಾಯಿತಿ ಸದಸ್ಯರೊಬ್ಬರು ಅಧ್ಯಕ್ಷರು, ಆಶಾ ಕಾರ್ಯಕರ್ತೆ ಅದರ ಕೆಲಸ ನೋಡಿಕೊಳ್ಳುತ್ತಾರೆ. ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತ ನಿಧಿ, ಅಂದರೆ ಊರಿನ ಅಗತ್ಯ ನೋಡಿ ಖರ್ಚು ಮಾಡಬಹುದಾದ ಹಣ, ಇರುತ್ತದೆ. ದಿಕ್ಕಿಲ್ಲದ ಮನೆಯ ರೋಗಿಯನ್ನು ಆಸ್ಪತ್ರೆಗೆ ಕರೆದೊಯ್ಯಲೂ ಅದನ್ನು ಬಳಸಬಹುದು. ತಿಂಗಳ ಸಭೆ ಯಾವತ್ತು ಎಂದು ಕೇಳಿ, ಹೋಗಿ ಕೂರಿ. ಗ್ರಾಮಸಭೆಯಲ್ಲಿ ಲೆಕ್ಕ ಓದಿಸಿ. ಆಶಾ ಅಕ್ಕನ ಮೇಲೆ ಮಾತ್ರ ರೇಗಬೇಡಿ. ಸಹಿ ಅವರೊಬ್ಬರದೇ ಅಲ್ಲ, ಅವರ ಕೆಲಸಕ್ಕೆ ಸಿಗುವ ಹಣವೇ ಕಡಿಮೆ.

ನಾನು ಅಮೆರಿಕದಲ್ಲಿದ್ದೇನೆ. ನಮ್ಮೂರಿನ ಪಿಎಚ್‌ಸಿಗೆ ಆಂಬ್ಯುಲೆನ್ಸ್ ಕೊಡಿಸುವ ಆಸೆ. ಹೇಗೆ ಮುಂದುವರಿಯಲಿ?

ನಿಮ್ಮ ಮನಸ್ಸು ದೊಡ್ಡದು. ಆದರೆ ಡ್ರೈವರ್ ಸಂಬಳ, ಡೀಸೆಲ್, ವಿಮೆ, ರಿಪೇರಿ ವರ್ಷವರ್ಷವೂ ಯಾರು ಕೊಡುತ್ತಾರೆ ಎಂಬುದಕ್ಕೆ ಉತ್ತರ ಸಿಗದೆ ಗಾಡಿ ಕೊಳ್ಳಬೇಡಿ. ಅದೇ ದುಡ್ಡಿನಲ್ಲಿ ರೋಗಿಗಳ ಜೊತೆ ಓಡಾಡುವ ಒಬ್ಬ ಸ್ಥಳೀಯ ಹೆಣ್ಣುಮಗಳಿಗೆ ಹಲವು ವರ್ಷ ಸಂಬಳ ಕೊಡಬಹುದು. ಡಯಾಲಿಸಿಸ್‌ಗೆ ತಾಲ್ಲೂಕು ಆಸ್ಪತ್ರೆಗೆ ಹೋಗಿಬರುವವರ ಬಸ್ ಖರ್ಚು ಭರಿಸಬಹುದು.

ಕಾನೂನಿನ ವಿಷಯ: ನಿಮ್ಮ ಹತ್ತಿರ ಈಗಲೂ ಭಾರತದ ಪಾಸ್‌ಪೋರ್ಟ್ ಇದ್ದರೆ, ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟ ಹಣ ವಿದೇಶಿ ದೇಣಿಗೆ ಆಗುವುದಿಲ್ಲ. ಅಮೆರಿಕದ ಪೌರತ್ವ ಪಡೆದಿದ್ದರೆ ಅದು ವಿದೇಶಿ ದೇಣಿಗೆಯೇ. ಆಗ ವಿದೇಶಿ ದೇಣಿಗೆ ಕಾಯ್ದೆಯಡಿ (ಎಫ್‌ಸಿಆರ್‌ಎ) ನೋಂದಣಿ ಅಥವಾ ಮುಂಗಡ ಅನುಮತಿ ಇರುವ ಸಂಸ್ಥೆಗೆ ಮಾತ್ರ ಕೊಡಬಹುದು. ಊರಿನ ಸಣ್ಣ ಸಂಘಗಳಿಗೆ ಸಾಮಾನ್ಯವಾಗಿ ಅದು ಇರುವುದಿಲ್ಲ, ಆದ್ದರಿಂದ ನೋಂದಣಿ ಪತ್ರ ನೋಡಿಯೇ ಹಣ ಕಳಿಸಿ. ಅದಕ್ಕೂ ಮುಂಚೆ ಪಿಎಚ್‌ಸಿ ವೈದ್ಯಾಧಿಕಾರಿಗೂ ಊರಿನ ಆಶಾ ಕಾರ್ಯಕರ್ತೆಗೂ ಬೇರೆ ಬೇರೆಯಾಗಿ ಫೋನ್ ಮಾಡಿ, ಯಾರು ಯಾವ ಕಾರಣಕ್ಕೆ ಆಸ್ಪತ್ರೆಗೆ ಬರುತ್ತಿಲ್ಲ ಎಂದು ಕೇಳಿ. ಇಬ್ಬರೂ ಬೇರೆ ಬೇರೆ ಕಾರಣ ಹೇಳಿದರೆ ಮೊದಲು ಆಶಾ ಹೇಳಿದ್ದನ್ನು ಹಿಡಿದು ವಿಚಾರಿಸಿ, ಮನೆಮನೆ ಹೊಕ್ಕು ಬರುವವರು ಅವರು.