ಎಣ್ಣೆಗೆ ಯಾವುದು, ನೀರಿಗೆ ಯಾವುದು? ಮೇಲೋಗರದ ಮಸಾಲೆ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಮಸಾಲೆಯ ಬಗ್ಗೆಯೇ. ‘ಎಲ್ಲ ಹಾಕಿದ್ದೇನೆ, ಆದರೂ ರುಚಿ ಬಂದಿಲ್ಲ, ಇನ್ನೇನು ಹಾಕಲಿ?’ ಎನ್ನುವವರೇ ಹೆಚ್ಚು. ಅವರು ಬರೆದ ಪಟ್ಟಿ ನೋಡಿದರೆ ಡಬ್ಬಿಯಲ್ಲಿ ಇರಬೇಕಾದದ್ದೆಲ್ಲ ಇದೆ. ಎಡವಟ್ಟಾಗಿರುವುದು ಹಾಕಿದ ಹೊತ್ತಿನಲ್ಲಿ. ಹಾಗಾಗಿ ಕೆಳಗಿನ ಉತ್ತರಗಳಲ್ಲಿ ‘ಯಾವಾಗ’ ಎಂಬ ಮಾತು ಮತ್ತೆ ಮತ್ತೆ ಬಂದರೆ ಬೇಸರಿಸಬೇಡಿ.

ಪ್ರಶ್ನೆ: ಕರಿ ಪೌಡರ್ ಎಂದರೆ ಕರಿಬೇವಿನ ಪುಡಿಯೇ? ಇಂಗ್ಲಿಷ್ ಪಾಕವಿಧಾನಗಳಲ್ಲಿ ‘ಎರಡು ಚಮಚ ಕರಿ ಪೌಡರ್’ ಎಂದಿರುತ್ತದೆ. ಅದರ ಬದಲಿಗೆ ಏನು ಹಾಕಬಹುದು?

ಅಲ್ಲ. ಸಾಮಾನ್ಯವಾಗಿ ಅದರಲ್ಲಿ ಇರುವುದು ಕೊತ್ತಂಬರಿ ಬೀಜ, ಅರಿಶಿನ, ಜೀರಿಗೆ, ಮೆಂತ್ಯ, ಮೆಣಸಿನಕಾಯಿ. ಹೆಚ್ಚಿನ ಪುಡಿಗಳಲ್ಲಿ ಕರಿಬೇವಿನ ಒಂದು ಎಲೆಯೂ ಇರುವುದಿಲ್ಲ. ಕನ್ನಡದವರಿಗೆ ಗೊಂದಲ ಇನ್ನೂ ಜಾಸ್ತಿ. ನಮಗೆ ಕರಿ ಎಂದರೆ ಕಪ್ಪು, ಎಣ್ಣೆಯಲ್ಲಿ ಹಪ್ಪಳ ಕರಿದರೂ ಕರಿ, ಹಳೆಗನ್ನಡ ಕಾವ್ಯ ಓದಿದವರಿಗೆ ಆನೆಯೂ ಕರಿಯೇ. ಇಂಗ್ಲಿಷಿನ ‘ಕರಿ’ ತಮಿಳಿನಿಂದ ಹೋದದ್ದು ಎಂಬುದು ಹೆಚ್ಚಿನವರು ಒಪ್ಪುವ ಮಾತು. 1747ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾದ ಒಂದು ಅಡುಗೆ ಪುಸ್ತಕದಲ್ಲಿ ‘ಕರಿ’ ಮಾಡುವ ಕ್ರಮವಿದೆ. ಅದರ ಮೊದಲ ಮುದ್ರಣದಲ್ಲಿ ಮಸಾಲೆ ಎಂದು ಇದ್ದದ್ದು ಕರಿಮೆಣಸು ಮತ್ತು ಕೊತ್ತಂಬರಿ ಬೀಜ ಮಾತ್ರ. ಹಳದಿ ಬಣ್ಣದ ಆ ಪುಡಿ ಆಮೇಲಿನ ಕಥೆ.

ಬದಲಿಗೆ ಬೇಕೆಂದರೆ ನಾಲ್ಕು ಪಾಲು ಕೊತ್ತಂಬರಿ ಬೀಜ, ಎರಡು ಪಾಲು ಜೀರಿಗೆ, ಒಂದು ಪಾಲು ಅರಿಶಿನ, ಅರ್ಧ ಪಾಲು ಮೆಂತ್ಯ, ಖಾರ ನಿಮಗೆ ಬೇಕಾದಷ್ಟು. ಬೀಜಗಳನ್ನು ಬೆಚ್ಚಗೆ ಹುರಿದು ಪುಡಿ ಮಾಡಿ, ಅರಿಶಿನವನ್ನು ಕೊನೆಗೆ ಬೆರೆಸಿ.

ಪ್ರಶ್ನೆ: ಖಾರದ ಪುಡಿ, ಧನಿಯಾ ಪುಡಿ ಎಣ್ಣೆಗೆ ಹಾಕಿದರೆ ಸೀದು ಕಪ್ಪಾಗುತ್ತದೆ. ಹೆದರಿ ನೀರು ಹಾಕಿದ ಮೇಲೆ ಹಾಕಿದರೆ ಹಸಿ ವಾಸನೆ ಹೋಗುವುದೇ ಇಲ್ಲ. ನಡುವಿನ ದಾರಿ ಯಾವುದು?

ನಡುವಿನ ದಾರಿ ಇದೆ, ಅದರ ಹೆಸರು ಈರುಳ್ಳಿ. ಅಲ್ಲಿಗೆ ಆಮೇಲೆ ಬರೋಣ.

ಮಸಾಲೆಯ ಘಮ ಕೊಡುವ ವಸ್ತುಗಳಲ್ಲಿ ಬಹುಪಾಲು ಎಣ್ಣೆಯಲ್ಲಿ ಕರಗುತ್ತವೆ, ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ. ಅರಿಶಿನದ ಹಳದಿ, ಮೆಣಸಿನಕಾಯಿಯ ಕೆಂಪು, ಅದರ ಖಾರ ಕೂಡ ಹಾಗೆಯೇ. ಕುದಿಯುವ ನೀರಿಗೆ ನೇರವಾಗಿ ಸುರಿದರೆ ಘಮ ಹಬೆಯ ಜೊತೆ ಹಾರಿಹೋಗುತ್ತದೆ. ಅಡುಗೆಮನೆ ಘಮಘಮ ಎನ್ನುತ್ತದೆ, ತಟ್ಟೆಯಲ್ಲಿ ಏನೂ ಉಳಿದಿರುವುದಿಲ್ಲ. ಎಣ್ಣೆ ಆ ಘಮವನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದರೆ ನೀರು 100 ಡಿಗ್ರಿಗೆ ಕುದಿದು ನಿಂತರೆ, ಒಗ್ಗರಣೆಯ ಎಣ್ಣೆ 150 ಡಿಗ್ರಿಯನ್ನೂ ಸುಲಭವಾಗಿ ದಾಟುತ್ತದೆ. ಪುಡಿ ಮಾಡಿದ ಮಸಾಲೆಗೆ ಆ ಬಿಸಿಯಲ್ಲಿ ಕೆಲವು ಸೆಕೆಂಡು ಸಾಕು, ಇದ್ದಿಲಾಗುತ್ತದೆ.

ಅದಕ್ಕೇ ಇಡಿಯದು ಮೊದಲು, ಪುಡಿ ಆಮೇಲೆ. ಇಡಿಯದರಲ್ಲೂ ಒಂದು ಸರದಿ ಇದೆ. ಸಾಸಿವೆ ಮೊದಲು. ಅದು ಪೂರ್ತಿ ಸಿಡಿದು ಸದ್ದು ಅಡಗುವವರೆಗೆ ಕಾಯಬೇಕು. ಅರ್ಧ ಸಿಡಿದ ಸಾಸಿವೆ ಹಲ್ಲಿಗೆ ಸಿಕ್ಕರೆ ಬರೀ ಕಹಿ. ಸಾಸಿವೆ ಒಂದು ತಮಾಷೆಯ ಕಾಳು. ಅದರ ಘಾಟು ಕಾಳಿನೊಳಗೆ ಸಿದ್ಧವಾಗಿ ಇರುವುದಿಲ್ಲ. ಹಸಿಯಾಗಿ ನೀರು ಬೆರೆಸಿ ಅರೆದಾಗ, ಅದರಲ್ಲಿರುವ ಒಂದು ಕಿಣ್ವ ಕೆಲಸಕ್ಕೆ ಇಳಿದು ಮೂಗಿಗೆ ಏರುವ ಘಾಟನ್ನು ಹುಟ್ಟಿಸುತ್ತದೆ. ಬಿಸಿ ಎಣ್ಣೆ ಆ ಕಿಣ್ವವನ್ನೇ ಕೊಲ್ಲುತ್ತದೆ. ಹಾಗಾಗಿ ಒಗ್ಗರಣೆಯ ಸಾಸಿವೆಯಲ್ಲಿ ಕಡಲೆಬೀಜ ಹುರಿದಂಥ ರುಚಿ, ಅರೆದ ಸಾಸಿವೆಯಲ್ಲಿ ಕಣ್ಣಲ್ಲಿ ನೀರು. ಒಂದೇ ಕಾಳು, ಎರಡು ಸಾಮಾನು.

ಸಾಸಿವೆ ಅಡಗಿದ ಮೇಲೆ ಜೀರಿಗೆ, ಮೆಂತ್ಯ. ಮೆಂತ್ಯ ಹೊಂಬಣ್ಣ ದಾಟಿ ಕೆಂಪಾದರೆ ಆ ಕಹಿಯನ್ನು ಬೆಲ್ಲವೂ ಮುಚ್ಚಲಾರದು. ಆಮೇಲೆ ಒಣಮೆಣಸಿನಕಾಯಿ, ಇಂಗು, ಕೊನೆಗೆ ಕರಿಬೇವು. ಕರಿಬೇವಿನ ಎಲೆಯ ನೀರು ಎಣ್ಣೆಗೆ ಬಿದ್ದು ಚುರ್ ಎನ್ನುತ್ತಲೇ ಬಿಸಿ ಸ್ವಲ್ಪ ಇಳಿಯುತ್ತದೆ, ಉಳಿದವು ಸೀಯುವುದು ತಪ್ಪುತ್ತದೆ.

ಈಗ ಈರುಳ್ಳಿ. ಅದರ ತೂಕದಲ್ಲಿ ಹೆಚ್ಚುಕಡಿಮೆ 89 ಭಾಗ ನೀರೇ. ಬಾಣಲೆಯಲ್ಲಿ ಆ ನೀರು ಇರುವವರೆಗೆ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಈರುಳ್ಳಿ ಅಥವಾ ಟೊಮೆಟೊ ಒದ್ದೆಯಾಗಿರುವಾಗಲೇ, ಉರಿ ತಗ್ಗಿಸಿ ಪುಡಿಗಳನ್ನು ಹಾಕಿದರೆ ಎಣ್ಣೆಯೂ ಸಿಗುತ್ತದೆ, ನೀರಿನ ಕಾವಲೂ ಇರುತ್ತದೆ. ಈರುಳ್ಳಿ ಹಾಕದ ಅಡುಗೆಯಾದರೆ ಪುಡಿಗಳನ್ನು ಎರಡು ಚಮಚ ನೀರಿನಲ್ಲಿ ಕಲಸಿ ಎಣ್ಣೆಗೆ ಹಾಕಿ. ನೀರು ಆರಿದ ಹಾಗೆ ಮಸಾಲೆಯ ಅಂಚಿನಲ್ಲಿ ಎಣ್ಣೆ ಬಿಡುತ್ತದೆ. ಮಸಾಲೆ ಆಯಿತು ಎನ್ನುವುದಕ್ಕೆ ಅದೇ ಗುರುತು, ಗಡಿಯಾರ ನೋಡಬೇಡಿ. ಎಣ್ಣೆ ಬಿಡುವ ಮೊದಲೇ ನೀರು ಸುರಿದರೆ ನೀವು ಹೇಳಿದ ಹಸಿ ವಾಸನೆ ಅಲ್ಲೇ ಕೂತುಬಿಡುತ್ತದೆ.

ಗರಂ ಮಸಾಲೆ, ಏಲಕ್ಕಿ ಪುಡಿ, ಕುಟ್ಟಿದ ಕರಿಮೆಣಸು ಇವುಗಳ ಲೆಕ್ಕವೇ ಬೇರೆ. ಮೊದಲೇ ಹುರಿದು ಪುಡಿ ಮಾಡಿದ್ದನ್ನು ಮತ್ತೆ ಅರ್ಧ ಗಂಟೆ ಕುದಿಸಬೇಡಿ, ಇಳಿಸುವ ಮುಂಚೆ ಹಾಕಿ ಮುಚ್ಚಿಡಿ.

ಪ್ರಶ್ನೆ: ‘ಈರುಳ್ಳಿಯನ್ನು 5 ನಿಮಿಷ ಕೆಂಪಗೆ ಹುರಿಯಿರಿ’ ಎಂದು ಎಲ್ಲ ಕಡೆ ಬರೆದಿರುತ್ತಾರೆ. ನನಗೆ ಅರ್ಧ ಗಂಟೆ ಹಿಡಿಯುತ್ತದೆ. ತಪ್ಪು ನನ್ನದೇ?

ತಪ್ಪು ಬರೆದವರದು. ನೀರು ಆರದೆ ಈರುಳ್ಳಿ ಚೆನ್ನಾಗಿ ಕೆಂಪಾಗುವುದಿಲ್ಲ, ಆ ನೀರು 5 ನಿಮಿಷಕ್ಕೆ ಆರುವುದಿಲ್ಲ. ಚಿಟಿಕೆ ಉಪ್ಪು ಹಾಕಿದರೆ ನೀರು ಬೇಗ ಬಿಡುತ್ತದೆ, ಈರುಳ್ಳಿ ಬೇಗ ಮೆತ್ತಗಾಗುತ್ತದೆ. ಅಡುಗೆ ಸೋಡಾ ಹಾಕಿದರೆ ಬೇಗ ಕೆಂಪಾಗುವುದೂ ನಿಜ, ಆದರೆ ಈರುಳ್ಳಿ ಮುದ್ದೆಯಾಗುತ್ತದೆ. ಅರೆದು ಹಾಕುವುದಿದ್ದರೆ ಅಡ್ಡಿಯಿಲ್ಲ, ಎಸಳು ಎಸಳಾಗಿ ಬೇಕಿದ್ದರೆ ಸೋಡಾ ಬೇಡ.

ಪ್ರಶ್ನೆ: ರುಬ್ಬಿಟ್ಟ ಶುಂಠಿ-ಬೆಳ್ಳುಳ್ಳಿ ಪೇಸ್ಟ್ ಎರಡು ದಿನದಲ್ಲಿ ಹಸಿರು-ನೀಲಿಯಾಯಿತು. ಬಿಸಾಡಬೇಕೇ?

ಬೇಡ. ಅದು ಬೂಷ್ಟು ಅಲ್ಲ. ಬೆಳ್ಳುಳ್ಳಿಯನ್ನು ಜಜ್ಜಿದಾಗ ಹುಟ್ಟುವ ಗಂಧಕದ ವಸ್ತುಗಳು ಅದರಲ್ಲೇ ಇರುವ ಅಮೈನೋ ಆಮ್ಲಗಳ ಜೊತೆ ಸೇರಿ ಆ ಬಣ್ಣ ಬರುತ್ತದೆ. ನಿಂಬೆಹುಳಿ ಅಥವಾ ವಿನೆಗರ್ ಬಿದ್ದಿದ್ದರೆ, ಬೆಳ್ಳುಳ್ಳಿ ಬಹಳ ದಿನ ತಂಪಿನಲ್ಲಿ ಇದ್ದಿದ್ದರೆ ಇನ್ನೂ ಬೇಗ. ತಿಂದರೆ ಏನೂ ಆಗುವುದಿಲ್ಲ. ಮೇಲೆ ಹತ್ತಿಯಂಥ ಪದರ ಕಟ್ಟಿದ್ದರೆ, ಹುಳಿತ ವಾಸನೆ ಬಂದಿದ್ದರೆ ಮಾತ್ರ ಬಿಸಾಡಿ.

ಬೆಳ್ಳುಳ್ಳಿಯದೂ ಸಾಸಿವೆಯ ಕಥೆಯೇ. ಎಸಳು ಇಡಿಯಾಗಿರುವಾಗ ಘಾಟು ಇಲ್ಲ, ಜಜ್ಜಿದ ಕ್ಷಣ ಹುಟ್ಟುತ್ತದೆ, ಬಿಸಿ ತಾಗಿದರೆ ಅಡಗುತ್ತದೆ. ಇಡೀ ಎಸಳನ್ನು ಎಣ್ಣೆಯಲ್ಲಿ ಬೇಯಿಸಿದರೆ ಸಿಹಿ, ಜಜ್ಜಿ ಕೊನೆಗೆ ಹಾಕಿದರೆ ಚುರುಕು. ಶುಂಠಿಯಲ್ಲಿ ಪ್ರೋಟೀನ್ ಒಡೆಯುವ ಕಿಣ್ವ ಇದೆ. ಮಾಂಸಕ್ಕೆ ಹಚ್ಚಿಟ್ಟರೆ ಮೆದುವಾಗುವುದು ಅದರಿಂದಲೇ, ಹಸಿ ಶುಂಠಿ ಹಾಕಿದ ಹಾಲು ಒಡೆಯುವುದೂ ಅದರಿಂದಲೇ. ನಾಲ್ಕು ಜನ ನೆಂಟರ ಎದುರು ನಾನು ಇದನ್ನು ಚಹಾದ ಪಾತ್ರೆಯಲ್ಲಿ ಕಲಿತೆ.

ಪ್ರಶ್ನೆ: ಹುಣಸೆ ರಸ ಹಾಕಿ ಎಷ್ಟು ಬೇಯಿಸಿದರೂ ತರಕಾರಿ, ಬೇಳೆ ಗಟ್ಟಿಯಾಗಿಯೇ ಉಳಿಯುತ್ತವೆ. ಬೇಳೆ ಹಳೆಯದೇ?

ಹಳೆಯದೂ ಇರಬಹುದು, ಆದರೆ ಮೊದಲು ಹುಳಿಯನ್ನೇ ಹಿಡಿಯಿರಿ. ತರಕಾರಿಯ ಜೀವಕೋಶಗಳನ್ನು ಅಂಟಿಸಿಟ್ಟಿರುವ ಪೆಕ್ಟಿನ್ ಎಂಬ ವಸ್ತು ಕರಗಿದರೇನೇ ಅದು ಬೇಯುವುದು. ಹುಳಿ ಆ ಕರಗುವಿಕೆಗೆ ಅಡ್ಡ ನಿಲ್ಲುತ್ತದೆ. ಹುಣಸೆ, ಟೊಮೆಟೊ, ಕೋಕಂ ಯಾವುದಾದರೂ ಅಷ್ಟೇ. ಬೇಳೆ, ತರಕಾರಿ ಪೂರ್ತಿ ಬೆಂದ ಮೇಲೆ ಹುಳಿ ಹಿಂಡಿ, ಆಮೇಲೆ ಹಸಿ ವಾಸನೆ ಹೋಗುವಷ್ಟು ಕುದಿಸಿ. ನಿಮ್ಮ ನೀರು ಗಡಸಾಗಿದ್ದರೆ ಅದರ ಸುಣ್ಣದಂಶವೂ ಇದೇ ಕಿತಾಪತಿ ಮಾಡುತ್ತದೆ.

ಇದನ್ನು ತಿರುವುಮುರುವಾಗಿಯೂ ಬಳಸಬಹುದು. ಕುಂಬಳಕಾಯಿಯಂಥ ತರಕಾರಿ ಕರಗಿಹೋಗದೆ ಹೋಳಾಗಿ ಉಳಿಯಬೇಕಿದ್ದರೆ, ಅರ್ಧ ಬೆಂದಾಗಲೇ ಹುಳಿ ಹಾಕಿ.

ಪ್ರಶ್ನೆ: ಮೊಸರು ಅಥವಾ ತೆಂಗಿನ ಹಾಲು ಹಾಕಿದ ಕೂಡಲೇ ಒಡೆದು ಚೂರು ಚೂರಾಗುತ್ತದೆ.

ಎರಡರದೂ ಬೇರೆ ಬೇರೆ ಕಾರಣ. ಮೊಸರಿನಲ್ಲಿ ಹುಳಿ ಮೊದಲೇ ಇದೆ, ಜೋರು ಬಿಸಿ ತಾಗಿದರೆ ಪ್ರೋಟೀನ್ ಗಂಟು ಕಟ್ಟಿ ನೀರು ಬಿಡುತ್ತದೆ. ಒಂದು ಚಮಚ ಕಡಲೆಹಿಟ್ಟು ಸೇರಿಸಿ ಕಡೆದು, ಉರಿ ಸಣ್ಣಗೆ ಮಾಡಿ ಹಾಕಿ, ಕುದಿ ಬರುವವರೆಗೆ ಕೈ ಬಿಡದೆ ತಿರುವಿ. ತೆಂಗಿನ ಹಾಲು ನೀರಿನಲ್ಲಿ ತೇಲುವ ಎಣ್ಣೆಯ ಹನಿಗಳು, ಕೊತಕೊತ ಕುದಿಸಿದರೆ ಎಣ್ಣೆ ಬೇರೆಯಾಗುತ್ತದೆ. ಎರಡನೇ ಹಾಲು, ಮೂರನೇ ಹಾಲಿನಲ್ಲಿ ತರಕಾರಿ ಬೇಯಿಸಿ, ಗಟ್ಟಿ ಮೊದಲ ಹಾಲನ್ನು ಕೊನೆಗೆ ಹಾಕಿ ಬಿಸಿ ಮಾಡಿ ಇಳಿಸಿ. ಒಡೆದರೂ ಕೆಟ್ಟಿತು ಎಂದಲ್ಲ. ಕೆಲವರು ಬೇಕೆಂದೇ ಒಡೆಸಿ, ಬಿಟ್ಟ ಎಣ್ಣೆಯಲ್ಲೇ ಮಸಾಲೆ ಹುರಿಯುತ್ತಾರೆ.

ಪ್ರಶ್ನೆ: ಖಾರ ಜಾಸ್ತಿಯಾದರೆ, ಉಪ್ಪು ಜಾಸ್ತಿಯಾದರೆ ಸರಿಪಡಿಸುವುದು ಹೇಗೆ? ಬೀಜ ತೆಗೆದರೆ ಖಾರ ಹೋಗುತ್ತದೆಯೇ?

ಖಾರ ಇರುವುದು ಬೀಜದಲ್ಲಿ ಅಲ್ಲ, ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ಬೀಜಕ್ಕೆ ತಾಗಿದ್ದು ಅಲ್ಲಿಂದಲೇ. ಆ ಬಿಳಿಯನ್ನು ಕೆರೆದು ತೆಗೆದರೆ ಖಾರ ನಿಜವಾಗಿಯೂ ಇಳಿಯುತ್ತದೆ. ಖಾರದ ವಸ್ತು ಕ್ಯಾಪ್ಸೈಸಿನ್ ನೀರಿಗೆ ಬಗ್ಗುವುದಿಲ್ಲ. ತೆಂಗಿನ ಹಾಲು, ಮೊಸರು, ಬೆಣ್ಣೆ, ಗೋಡಂಬಿ ಪೇಸ್ಟ್ ಇಂಥವಕ್ಕೆ ಬಗ್ಗುತ್ತದೆ. ಬಾಯಿ ಉರಿದಾಗಲೂ ಅಷ್ಟೇ, ನೀರು ಬಿಟ್ಟು ಹಾಲು ಕುಡಿಯಿರಿ.

ಅಂದಹಾಗೆ ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. 1492ರಲ್ಲಿ ಕೊಲಂಬಸ್ ಅಲ್ಲಿಗೆ ಹೋದ ಮೇಲೆ ಹೊರಬಿದ್ದದ್ದು, ಪೋರ್ಚುಗೀಸರ ಮೂಲಕ ಇತ್ತ ಬಂದದ್ದು. ಅದಕ್ಕೂ ಮೊದಲು ಖಾರ ಎಂದರೆ ಕರಿಮೆಣಸು, ಶುಂಠಿ, ಹಿಪ್ಪಲಿ. ಹೆಸರನ್ನೇ ನೋಡಿ, ಹಳೆಯ ಮೆಣಸಿನ ಹೆಸರಿಗೆ ಒಂದು ಕಾಯಿ ಸೇರಿಸಿ ಹೊಸಬನಿಗೆ ಕೊಟ್ಟೆವು. ಈಗ ‘ಕರಿ’ ಎಂಬ ವಿಶೇಷಣ ಹಚ್ಚಿಕೊಳ್ಳಬೇಕಾಗಿ ಬಂದಿರುವುದು ಮನೆಯ ಹಳಬನಿಗೆ.

ಉಪ್ಪಿಗೆ ಆಲೂಗಡ್ಡೆ ಹಾಕುವ ಉಪಾಯವನ್ನು ನಂಬಬೇಡಿ. ಅದು ಉಪ್ಪನ್ನು ಆರಿಸಿ ಕುಡಿಯುವುದಿಲ್ಲ, ಉಪ್ಪುನೀರನ್ನು ಹಾಗೆಯೇ ಹೀರುತ್ತದೆ, ಉಳಿದ ಸಾರು ಅಷ್ಟೇ ಉಪ್ಪಾಗಿರುತ್ತದೆ. ಉಪ್ಪಿಲ್ಲದ ಬೇಳೆ, ತರಕಾರಿ, ನೀರು ಸೇರಿಸಿ ಹಿಗ್ಗಿಸುವುದೊಂದೇ ದಾರಿ.

ಪ್ರಶ್ನೆ: ಗೋಧಿ ತಿನ್ನಬಾರದು ಎಂದು ವೈದ್ಯರು ಹೇಳಿದ್ದಾರೆ. ಮಸಾಲೆಯಲ್ಲಿ ಗೋಧಿ ಎಲ್ಲಿ ಬರುತ್ತದೆ ಎಂದು ನಿರಾಳವಾಗಿದ್ದೆ. ಇಂಗಿನ ಬಗ್ಗೆ ಯಾರೋ ಎಚ್ಚರಿಸಿದರು. ನಿಜವೇ?

ನಿಜ, ಎಚ್ಚರಿಸಿದವರಿಗೆ ಧನ್ಯವಾದ ಹೇಳಿ. ಇಂಗು ಫೆರುಲಾ ಎಂಬ ಗಿಡದ ಬೇರು ಕೊಯ್ದಾಗ ಒಸರುವ ಅಂಟು. ಅಪ್ಪಟ ಇಂಗಿನ ಘಾಟು ತಡೆಯುವಂಥದ್ದಲ್ಲ, ಹಾಗಾಗಿ ಅಂಗಡಿಯಲ್ಲಿ ಸಿಗುವ ಡಬ್ಬಿಯಲ್ಲಿ ಇರುವುದು ಹಿಟ್ಟು, ಗೋಂದು ಬೆರೆಸಿದ ಕೂಟು ಇಂಗು. ಆ ಹಿಟ್ಟು ಎಷ್ಟೋ ಸಲ ಗೋಧಿ ಅಥವಾ ಮೈದಾ, ಕೆಲವದರಲ್ಲಿ ಅಕ್ಕಿ. ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದದೆ ಕೊಳ್ಳಬೇಡಿ. ಪ್ಯಾಕೆಟ್ ಸಾಂಬಾರ್ ಪುಡಿಗೂ ಇಂಗು ಬಿದ್ದಿರುತ್ತದೆ, ಅದನ್ನೂ ನೋಡಿ.

ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತದೆ ಎನ್ನುವ ನಾವು ಆ ಇಂಗನ್ನು ಬಹುಕಾಲ ಅಫ್ಘಾನಿಸ್ತಾನ, ಇರಾನ್ ಕಡೆಯಿಂದಲೇ ತರಿಸಿಕೊಂಡಿದ್ದೇವೆ. ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ವಿಜ್ಞಾನಿಗಳು ಇಂಗಿನ ಸಸಿ ನೆಟ್ಟು ಬೇಸಾಯ ಶುರು ಮಾಡಿದ್ದು 2020ರಲ್ಲಿ.

ಪ್ರಶ್ನೆ: ಅರಿಶಿನದ ಕಲೆಯನ್ನು ಸೋಪಿನಲ್ಲಿ ತಿಕ್ಕಿದರೆ ಕೆಂಪಾಯಿತು! ಅರಿಶಿನ ಕಲಬೆರಕೆಯೇ?

ಇಲ್ಲ, ಗಾಬರಿ ಬೇಡ. ಅರಿಶಿನದ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಕ್ಷಾರ ತಾಗಿದರೆ ಕೆಂಪಾಗುತ್ತದೆ, ಸೋಪು, ಸೋಡಾ, ಸುಣ್ಣ ಎಲ್ಲವೂ ಕ್ಷಾರವೇ. ಸೋಪು ತೊಳೆದುಹೋದರೆ ಮತ್ತೆ ಹಳದಿಗೆ ಬರುತ್ತದೆ. ಒಗೆದ ಬಟ್ಟೆಯನ್ನು ಬಿಸಿಲಿಗೆ ಹಾಕಿ. ಈ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ, ಎರಡು ಮೂರು ಬಿಸಿಲಿಗೆ ಕಲೆ ಮಾಸುತ್ತದೆ.

ಗಾಜಿನ ಡಬ್ಬಿಯಲ್ಲಿ ಅರಿಶಿನ ತುಂಬಿ ಕಿಟಕಿಯ ಹತ್ತಿರ ಚಂದಕ್ಕೆ ಜೋಡಿಸಿಟ್ಟವರಿಗೂ ಇದೇ ಉತ್ತರ. ಒಲೆಯ ಮೇಲಿನ ಶೆಲ್ಫಿನಲ್ಲಿ ಇಟ್ಟವರಿಗೆ ಬಿಸಿ, ಹಬೆ ಎರಡೂ ಸೇರುತ್ತವೆ. ಕುದಿಯುವ ಪಾತ್ರೆಯ ಮೇಲೆ ಡಬ್ಬಿ ಬಗ್ಗಿಸುವ ಅಭ್ಯಾಸವಿದ್ದರೆ ಇವತ್ತೇ ಬಿಡಿ, ಹಬೆ ಒಳಗೆ ಹೋಗಿ ಪುಡಿ ಗಂಟು ಕಟ್ಟುತ್ತದೆ. ಒಣ ಚಮಚದಲ್ಲಿ ತೆಗೆದು ಹಾಕಿ.