ಸ್ಕ್ಯಾನ್ ಆಯ್ತಲ್ಲ, ಇನ್ನು ರದ್ದಿಗೆ ಹಾಕಬಹುದಾ?

ಪ್ರಶ್ನೆ: ನಮ್ಮ ಸಂಘದ ಹಳೇ ಕಾಗದಪತ್ರಗಳನ್ನೆಲ್ಲ ಸ್ಕ್ಯಾನ್ ಮಾಡಿಸಿದ್ದೇವೆ. ಎರಡು ಬೀರು ತುಂಬ ಮೂಲ ಪ್ರತಿಗಳಿವೆ. ಇನ್ನು ವಿಲೇವಾರಿ ಮಾಡಬಹುದಲ್ವಾ?

ಈ ತಿಂಗಳಲ್ಲಿ ಇದೇ ಪ್ರಶ್ನೆ ನಾಲ್ಕನೇ ಸಲ. ಬೇಡ. ಸ್ಕ್ಯಾನ್ ಮಾಡುವವರು ‘ಮೂಲ ಯಾಕ್ ಸಾರ್, ಸುಮ್ನೆ ಜಾಗ ದಂಡ’ ಅಂತ ಹೇಳಿ ಹೋಗುತ್ತಾರೆ, ಐದು ವರ್ಷ ಬಿಟ್ಟು ಹಾರ್ಡ್‌ಡಿಸ್ಕ್ ತೆರೆಯದಿದ್ದರೆ ಅವರ ಫೋನೂ ಸಿಗುವುದಿಲ್ಲ. ಬ್ರಿಟಿಷರ ಕಾಲದ ಪತ್ರವೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಎಷ್ಟೋ ಹಾಳೆಗಳಲ್ಲಿ ಕಾಗದ ತಯಾರಾದ ಇಸವಿ ವಾಟರ್‌ಮಾರ್ಕ್ ಆಗಿ ಕಾಣುತ್ತದೆ. ಪತ್ರದ ತಾರೀಕು 1820, ಕಾಗದದೊಳಗೆ 1826 ಅಂದರೆ ಅದು ಆಮೇಲೆ ಮಾಡಿದ ಪ್ರತಿ, ಇಲ್ಲಾ ಖೋಟಾ. ಮಾಮೂಲಿ ಸ್ಕ್ಯಾನಿನಲ್ಲಿ ಇದು ಕಾಣುವುದೇ ಇಲ್ಲ.

ಹಾಗಂತ ಎಲ್ಲವನ್ನೂ ಕಟ್ಟಿಕೊಂಡು ಕೂರಿ ಅಂತಲ್ಲ. ಖಾಲಿ ಫಾರ್ಮು, ಒಂದೇ ಆಮಂತ್ರಣದ ಮುನ್ನೂರು ಪ್ರತಿ, ಇವನ್ನು ತೆಗೆಯಿರಿ. ಆದರೆ ಒಂದೊಂದನ್ನೂ ಮಗುಚಿ ನೋಡಿ ತೆಗೆಯಿರಿ. ಹೀಗೇ ಹೊರಗೆ ಹೋಗಬೇಕಿದ್ದ ಕರಪತ್ರವೊಂದರ ಹಿಂದೆ ಆವತ್ತಿನ ಸಭೆಗೆ ಚಂದಾ ಕೊಟ್ಟವರ ಪಟ್ಟಿ ಪೆನ್ಸಿಲಿನಲ್ಲಿ ಇದ್ದದ್ದನ್ನು ನಾನೇ ಕಂಡಿದ್ದೇನೆ; ಬೇರೆಲ್ಲೂ ಆ ಪಟ್ಟಿ ಇರಲಿಲ್ಲ.

ಮೊದಲು ದಾನಪತ್ರ ಹುಡುಕಿ. ಕೊಟ್ಟವರು ಷರತ್ತು ಹಾಕಿದ್ದರೆ ಹೊರಗೆ ಹಾಕುವ ಹಕ್ಕೇ ನಿಮಗಿಲ್ಲದಿರಬಹುದು. ಮೊದಲು ಅವರ ಮನೆಯವರನ್ನು ಕೇಳಿ, ಬೇಡವೆಂದರೆ ಬೇರೆ ಪತ್ರಾಗಾರವನ್ನೋ ಲೈಬ್ರರಿಯನ್ನೋ ಕೇಳಿ. ರದ್ದಿಯಂಗಡಿಗೆ ಮಾತ್ರ ಹಾಕಬೇಡಿ, ನಿಮ್ಮ ಸಂಘದ ಸೀಲಿನ ಸಮೇತ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಕೂತಿರುತ್ತವೆ. ಒಬ್ಬರೇ ತೀರ್ಮಾನಿಸಬೇಡಿ, ಇಬ್ಬರ ಸಹಿಯಾದರೂ ಇರಲಿ. ರಿಜಿಸ್ಟರಿನಲ್ಲಿ, ಹೊರಗೆ ಹಾಕಿದ ದಾಖಲೆಯ ಸಾಲನ್ನು ಅಳಿಸಬೇಡಿ: ಯಾವಾಗ, ಯಾಕೆ, ಯಾರು, ಎಲ್ಲಿಗೆ ಅಂತ ಪಕ್ಕದಲ್ಲೇ ಬರೆಯಿರಿ. ಅದರ ನಂಬರನ್ನು ಇನ್ನೊಂದು ದಾಖಲೆಗೆ ಕೊಡಬೇಡಿ, ನನಗೆ ಅತಿ ಜಾಸ್ತಿ ತಲೆನೋವು ತಂದದ್ದು ಇದೇ.

ಪ್ರಶ್ನೆ: ಕೇಂದ್ರ ಸರ್ಕಾರದ ಕಚೇರಿಯಲ್ಲಿದ್ದೇನೆ. ಹಳೇ ಕಡತ ಸುಡಬಹುದಾ?

1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಓದಿ. ನಿಯಮ ಮೀರಿ ನಾಶ ಮಾಡಿದರೆ 5 ವರ್ಷದವರೆಗೆ ಜೈಲು. 1892ಕ್ಕಿಂತ ಹಿಂದಿನದಾದರೆ, ಬಳಕೆಗೆ ಬಾರದಷ್ಟು ಹಾಳಾಗಿದೆ ಅಂತ ಪತ್ರಾಗಾರದ ಮುಖ್ಯಸ್ಥರೇ ಹೇಳಬೇಕು.

ಪ್ರಶ್ನೆ: ಫಿಲ್ಮ್ ಡಬ್ಬಿಯಿಂದ ವಿನೆಗರ್ ವಾಸನೆ ಬರುತ್ತಿದೆ, ಎಸೆಯಲಾ?

ಫಿಲ್ಮ್ ಹಾಳಾಗುತ್ತಿರುವ ವಾಸನೆ ಅದು. ಇವತ್ತೇ ಬೇರೆ ಕೋಣೆಗೆ ಹಾಕಿ, ಉಳಿದ ಫಿಲ್ಮುಗಳಿಗೂ ಹಬ್ಬುತ್ತದೆ. ಎಸೆಯಬೇಡಿ.

ಪ್ರಶ್ನೆ: ಲ್ಯಾಮಿನೇಟ್ ಮಾಡಿಸಿದರೆ ನೂರು ವರ್ಷ ಬಾಳುತ್ತಂತೆ?

ಯಾರು ಹೇಳಿದ್ದು, ಲ್ಯಾಮಿನೇಶನ್ ಅಂಗಡಿಯವರಾ?