ನಲ್ಲಿ ನೀರೋ, ಸ್ವಾಗತ ಕಮಾನೋ?

ಪಟ್ಟಣ ಪಂಚಾಯಿತಿ ಮತ್ತು ಪುರಸಭೆ ಚುನಾವಣೆಯ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರ.

ಪ್ರಶ್ನೆ: ನಮ್ಮ ವಾರ್ಡಿಗೆ ಐದು ಮಂದಿ ನಿಂತಿದ್ದಾರೆ. ಐವರ ಕರಪತ್ರದಲ್ಲೂ ಅದೇ ಪಟ್ಟಿ: ನೀರು, ರಸ್ತೆ, ಚರಂಡಿ, ಬೀದಿದೀಪ, ಆಶ್ರಯ ಮನೆ, ರೇಷನ್ ಕಾರ್ಡ್, ಊರ ಬಾಗಿಲಿಗೆ ಸ್ವಾಗತ ಕಮಾನು. ಇದರಲ್ಲಿ ಯಾರ ಆದ್ಯತೆಯನ್ನು ನಂಬುವುದು?
(ನಿವೃತ್ತ ಶಿಕ್ಷಕರು, ಚಿತ್ರದುರ್ಗ ಜಿಲ್ಲೆ)

ಉತ್ತರ: ಪೆನ್ನು ಹಿಡಿದು ಕೂತು, ಸದಸ್ಯನ ಕೈಯಲ್ಲಿ ಇಲ್ಲದ್ದನ್ನೆಲ್ಲ ಮೊದಲು ಹೊಡೆದುಹಾಕಿ. ರೇಷನ್ ಕಾರ್ಡ್ ಆಹಾರ ಇಲಾಖೆಯದು. ಆಶ್ರಯ ಸಮಿತಿಗೆ ಶಾಸಕರು ಅಧ್ಯಕ್ಷರು. ಸದಸ್ಯರು ನಿಮ್ಮ ಅರ್ಜಿ ಹಿಡಿದು ಅವರ ಮನೆಗೆ ಹೋಗಬಹುದು, ಅಷ್ಟೇ. ದೊಡ್ಡ ಕುಡಿಯುವ ನೀರಿನ ಯೋಜನೆ, ಯುಜಿಡಿ (ನೆಲದಡಿಯ ಒಳಚರಂಡಿ) ಕಾಮಗಾರಿ ಸಾಮಾನ್ಯವಾಗಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯ ಮೂಲಕ ನಡೆಯುತ್ತವೆ.

ಹೊಡೆದ ಮೇಲೆ ಉಳಿಯುವುದು ಇಷ್ಟು: ಬಂದ ನೀರನ್ನು ಮನೆಮನೆಗೆ ಹಂಚುವುದು, ಕಸ, ಚರಂಡಿ, ಒಳರಸ್ತೆ, ಬೀದಿದೀಪ, ಸಂತೆ, ಸಾರ್ವಜನಿಕ ಶೌಚಾಲಯ, ಸ್ಮಶಾನ, ಕಟ್ಟಡ ಪರವಾನಗಿ, ಕಂದಾಯ. 1993ರ ಜೂನ್ 1ರಂದು ಜಾರಿಗೆ ಬಂದ 74ನೇ ತಿದ್ದುಪಡಿ ಸಂವಿಧಾನದ 12ನೇ ಅನುಸೂಚಿಯಲ್ಲಿ 18 ವಿಷಯಗಳನ್ನು ಬರೆದಿದೆ. ಆದರೆ ಸಣ್ಣ ಊರಿನ ಸದಸ್ಯರ ಐದು ವರ್ಷ ಸವೆಯುವುದು ಈ ಹತ್ತರಲ್ಲೇ. ಮನೆ ಬಾಗಿಲಿಗೆ ಬಂದವರನ್ನು ಕೂರಿಸಿ, ನೀರು ಕೊಟ್ಟು, ಒಂದೇ ಮಾತು ಕೇಳಿ: ‘ಮೊದಲ ಆರು ತಿಂಗಳಲ್ಲಿ ಯಾವುದು, ಯಾವ ಬಾಬ್ತಿನ ದುಡ್ಡಲ್ಲಿ?’ ‘ಎಲ್ಲಾ ಮಾಡೋಣ ಬಿಡಿ ಮೇಷ್ಟ್ರೇ’ ಎಂದರೆ ಅವರಿಗೆ ಆದ್ಯತೆಯೇ ಇಲ್ಲ ಎಂದು ಅರ್ಥ. ಕಮಾನಿಗೆ ಎಲ್ಲಿಂದ ಹಣ ಎಂಬುದನ್ನು ತಪ್ಪದೆ ಕೇಳಿ.

ಪ್ರಶ್ನೆ: ನಾಲ್ಕು ದಿನಕ್ಕೊಮ್ಮೆ ಎರಡು ತಾಸು ನೀರು ಬಿಡುತ್ತಾರೆ. ನಮ್ಮ ಓಣಿ ಕೊನೆಯದು, ಕೊಡ ತುಂಬುವುದೇ ಇಲ್ಲ. ಇಬ್ಬರು ಅಭ್ಯರ್ಥಿಗಳೂ ಹೊಸ ಬೋರ್‌ವೆಲ್ ಕೊರೆಸುತ್ತೇವೆ ಅನ್ನುತ್ತಿದ್ದಾರೆ. ಅದರಿಂದ ಸರಿಹೋಗುತ್ತದೆಯೇ?
(ಗೃಹಿಣಿ, ದಾವಣಗೆರೆ ಜಿಲ್ಲೆ)

ಉತ್ತರ: ಬೋರ್‌ವೆಲ್ ಮಾತಿಗೆ ಮುಂಚೆ ಕೊಡದ ಲೆಕ್ಕ ಮಾಡೋಣ. 15 ಲೀಟರಿನ ಕೊಡವನ್ನು ನಲ್ಲಿ ಕೆಳಗಿಟ್ಟು ಮೊಬೈಲಿನಲ್ಲಿ ಸಮಯ ನೋಡಿ. ಮೊದಲ ಓಣಿಯಲ್ಲಿ ನೆಂಟರಿದ್ದರೆ ಅದೇ ದಿನ ಅಲ್ಲೂ ನೋಡಿಸಿ. ಅಲ್ಲಿ ಒಂದು ನಿಮಿಷಕ್ಕೆ ಕೊಡ ತುಂಬಿತು ಅನ್ನಿ. ತಾಸಿಗೆ 900 ಲೀಟರ್, ಎರಡು ತಾಸಿಗೆ 1,800. ಐದು ಜನರ ಮನೆಗೆ ನಾಲ್ಕು ದಿನಕ್ಕೆ ಹಂಚಿದರೆ ತಲೆಗೆ ದಿನಕ್ಕೆ 90 ಲೀಟರ್. ನಿಮ್ಮಲ್ಲಿ ಅದೇ ಕೊಡಕ್ಕೆ ನಾಲ್ಕು ನಿಮಿಷ ಹಿಡಿದರೆ ತಲೆಗೆ ಸಿಗುವುದು ಇಪ್ಪತ್ತೆರಡೂವರೆ ಲೀಟರ್. ಒಳಚರಂಡಿ ಇಲ್ಲದ ಊರಿಗೆ ತಲೆಗೆ 70 ಲೀಟರ್, ಇರುವ ಊರಿಗೆ 135 ಲೀಟರ್ ಎಂಬುದು ಕೇಂದ್ರದ ಮಾನದಂಡ. ಒಳಚರಂಡಿ ಇಲ್ಲದ ಊರಾದರೆ ಮೊದಲ ಓಣಿಯವರಿಗೆ ಮಾನದಂಡಕ್ಕಿಂತ ಹೆಚ್ಚೇ ಸಿಗುತ್ತಿದೆ. ನೀರು ಇದೆ, ನಿಮ್ಮವರೆಗೆ ಬರುತ್ತಿಲ್ಲ. ಮೊದಲ ಓಣಿಯಲ್ಲೂ ಕೊಡ ತುಂಬಲು ನಾಲ್ಕು ನಿಮಿಷ ಬೇಕಾದರೆ ಮಾತ್ರ ನೀರಿನ ಮೂಲವೇ ಸಾಲದು ಅನ್ನಬಹುದು, ಆಗ ಬೋರ್‌ವೆಲ್ ಮಾತಾಡೋಣ.

ಕೊನೆಯ ಓಣಿಗೆ ನೀರು ಬರದಿರಲು ಕಾರಣಗಳು ಹೆಚ್ಚಾಗಿ ಇವು. ವಾಲ್ವ್ ಸವೆದು ಪೂರ್ತಿ ಮುಚ್ಚುವುದಿಲ್ಲ, ಹಾಗಾಗಿ ನಿಮ್ಮ ಸರದಿಯಲ್ಲೂ ತಗ್ಗಿನ ಬೀದಿಗೆ ನೀರು ಹರಿಯುತ್ತಿರುತ್ತದೆ. ನಡುವಿನ ಮನೆಗಳವರು ನಲ್ಲಿ ಪೈಪಿಗೇ ಮೋಟರ್ ಕೂರಿಸಿ ಎಳೆಯುತ್ತಾರೆ. ಹಿಂದೆ ಐವತ್ತು ಮನೆಗೆಂದು ಹಾಕಿದ ಸಣ್ಣ ಪೈಪಿಗೆ ಈಗ ಇನ್ನೂರು ಮನೆ. ಅಕ್ರಮ ಸಂಪರ್ಕಗಳು ಬೇರೆ. ಮತ್ತೊಂದು ಕಾರಣ ಆರೋಗ್ಯಕ್ಕೂ ಸಂಬಂಧಪಟ್ಟದ್ದು: ನೀರು ನಿಂತ ದಿನಗಳಲ್ಲಿ ಖಾಲಿ ಪೈಪು ತೂತಿದ್ದ ಕಡೆಯಿಂದ ಪಕ್ಕದ ಚರಂಡಿ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ನೀರು ಬಿಟ್ಟ ಮೊದಲ ಹತ್ತು ನಿಮಿಷ ವಾಸನೆ, ಕೆಸರು ಬರುವುದು ಇದರಿಂದಲೇ. ಅದನ್ನು ಹಿಡಿಯಬೇಡಿ. ಮನೆ ನಲ್ಲಿಯಲ್ಲಿ ಉಳಿಕೆ ಕ್ಲೋರಿನ್ (ರೋಗಾಣು ಕೊಲ್ಲಲು ಹಾಕಿದ್ದರಲ್ಲಿ ನಲ್ಲಿವರೆಗೂ ಉಳಿದದ್ದು) ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಹನಿ ಹಾಕಿ ಬಣ್ಣ ನೋಡುವ ಪರೀಕ್ಷೆಯನ್ನು ನೀರು ಸರಬರಾಜು ಸಿಬ್ಬಂದಿಯಿಂದ ನಿಮ್ಮ ಎದುರೇ ಮಾಡಿಸಿ.

ಹಾಗಾಗಿ ಅಭ್ಯರ್ಥಿಯಿಂದ ಕೇಳಬೇಕಾದ್ದು ಕೊನೆಯ ಓಣಿಗೆ ಬೇರೆ ವಾಲ್ವ್, ಬೇರೆ ಸಮಯ, ಸವೆದ ವಾಲ್ವ್‌ಗಳ ಬದಲಾವಣೆ ಮತ್ತು ನೀರು ಬಿಡುವ ಹೊತ್ತಿನಲ್ಲಿ ಮೋಟರ್ ತಪಾಸಣೆ. ಕೊನೆಯದಕ್ಕೆ ಯಾರೂ ಒಪ್ಪುವುದಿಲ್ಲ, ಮೋಟರ್ ಇಟ್ಟವರೂ ಮತದಾರರೇ ತಾನೆ. ಒಪ್ಪಿದವರಿದ್ದರೆ ಅವರ ಹೆಸರು ನೆನಪಿಡಿ. ಹೊಸ ಬೋರ್‌ವೆಲ್‌ಗೆ ಕೊರೆಯುವ ಖರ್ಚಲ್ಲದೆ ಮೋಟರ್, ಪ್ಯಾನೆಲ್ ಬೋರ್ಡ್, ವಿದ್ಯುತ್ ಸಂಪರ್ಕ, ಆಮೇಲೆ ತಿಂಗಳು ತಿಂಗಳೂ ಕರೆಂಟ್ ಬಿಲ್ಲು. ಆ ನೀರನ್ನು ನೇರ ಪೈಪಿಗೆ ಬಿಟ್ಟರೆ ಕ್ಲೋರಿನ್ ಹಾಕಲು ಜಾಗವೂ ಇರದು. ಬಯಲು ಸೀಮೆಯಲ್ಲಿ ಆಳಕ್ಕೆ ಇಳಿದಷ್ಟೂ ಫ್ಲೋರೈಡ್ ಭಯ ಇದ್ದೇ ಇದೆ, ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಅದು ಕುಡಿಯುವ ನೀರಲ್ಲ.

ಪ್ರಶ್ನೆ: ಏನು ಕೇಳಿದರೂ ‘ಅನುದಾನ ಬಂದಿಲ್ಲ’ ಎನ್ನುತ್ತಾರೆ. ನಾವು ಕಟ್ಟುವ ಕಂದಾಯ ಎಲ್ಲಿ ಹೋಗುತ್ತದೆ? ಒಬ್ಬರು ಕಂದಾಯವನ್ನೇ ಮನ್ನಾ ಮಾಡಿಸುತ್ತೇನೆ ಎಂದಿದ್ದಾರೆ.
(ಕಿರಾಣಿ ವ್ಯಾಪಾರಿ, ತುಮಕೂರು ಜಿಲ್ಲೆ)

ಉತ್ತರ: ಮನ್ನಾ ಮಾಡುವ ಅಧಿಕಾರ ಒಬ್ಬ ಸದಸ್ಯನಿಗಿಲ್ಲ, ಆ ಕರಪತ್ರ ಪೊಟ್ಟಣ ಕಟ್ಟಲು ಬಳಸಿಕೊಳ್ಳಿ.

ನಿಮ್ಮ ಆಸ್ತಿ ತೆರಿಗೆ 1,000 ರೂಪಾಯಿ ಇದ್ದರೆ ಅದರ ಮೇಲೆ ಉಪಕರಗಳು ಬೀಳುತ್ತವೆ: ಆರೋಗ್ಯಕ್ಕೆ ಶೇ 15, ಗ್ರಂಥಾಲಯಕ್ಕೆ ಶೇ 6, ಭಿಕ್ಷುಕರ ಪರಿಹಾರಕ್ಕೆ ಶೇ 3. ಅಂದರೆ 240 ರೂಪಾಯಿ ಊರಿನ ಕಾಮಗಾರಿಗಲ್ಲ, ಬೇರೆ ಖಾತೆಗೆ. ಉಳಿದ ಸಾವಿರ ಊರಿನದು. ವರ್ಷದ ತೆರಿಗೆಯನ್ನು ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿದರೆ ಶೇ 5 ರಿಯಾಯಿತಿ ಇದೆ, ಅಂಗಡಿಗೂ ಮನೆಗೂ.

ಅನುದಾನಕ್ಕೂ ಕಟ್ಟುಪಾಡುಗಳಿವೆ. 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ನಮ್ಮಂಥ ಸಣ್ಣ ಊರುಗಳಿಗೆ ಕೊಟ್ಟ ಹಣದಲ್ಲಿ ಶೇ 30 ಕುಡಿಯುವ ನೀರು, ಮಳೆನೀರು ಸಂಗ್ರಹದಂಥವಕ್ಕೆ, ಇನ್ನು ಶೇ 30 ನೈರ್ಮಲ್ಯ ಮತ್ತು ಕಸಕ್ಕೆ ಎಂದು ಕಟ್ಟಿಹಾಕಿತ್ತು. ಶೇ 40 ಮಾತ್ರ ಸ್ಥಳೀಯ ಸಂಸ್ಥೆಯ ಇಷ್ಟಕ್ಕೆ. ಅದರಲ್ಲೂ ಸಂಬಳ ಕೊಡುವ ಹಾಗಿರಲಿಲ್ಲ. ರಾಜ್ಯ ಹಣಕಾಸು ಆಯೋಗದ, ಅಂದರೆ ಎಸ್‌ಎಫ್‌ಸಿ ಹಣದ ದೊಡ್ಡ ಪಾಲು ಸಂಬಳ ಮತ್ತು ವಿದ್ಯುತ್ ಬಿಲ್ಲಿಗೇ ಮುಗಿಯುತ್ತದೆ. ಶೇ 24.10 ಪರಿಶಿಷ್ಟ ಜಾತಿ–ಪಂಗಡದವರಿಗೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ಮೀಸಲಿಡಬೇಕಾದ ನಿಧಿಗಳೂ ಇವೆ. ಮೀಸಲು ಹಣ ಖರ್ಚಾಗದೆ ವರ್ಷದ ಕೊನೆಗೆ ಉಳಿಯುವುದು ಅಪರೂಪವಲ್ಲ. ‘ಹೋದ ವರ್ಷ ಈ ಮೂರರಲ್ಲಿ ಉಳಿದದ್ದೆಷ್ಟು?’ ಎಂದು ಹಾಲಿ ಸದಸ್ಯರನ್ನು ಕೇಳಿದರೆ ಅವರು ಬಜೆಟ್ ಪುಸ್ತಕ ತೆರೆದಿದ್ದಾರೋ ಇಲ್ಲವೋ ಗೊತ್ತಾಗುತ್ತದೆ.

ವ್ಯಾಪಾರಿಯಾಗಿ ನಿಮಗೆ ಗೊತ್ತಿರುವ ಇನ್ನೊಂದು ಮೂಲ, ಬಸ್ ನಿಲ್ದಾಣದ ಮಳಿಗೆಗಳು. ಹರಾಜಿನಲ್ಲಿ ಹಿಡಿದವರು ಒಬ್ಬರು, ಒಳಬಾಡಿಗೆಗೆ ಕೂತವರು ಇನ್ನೊಬ್ಬರು, ಸಂಸ್ಥೆಗೆ ಬರುವುದು ಹಳೇ ಕಾಲದ ಬಾಡಿಗೆ. ಅವಧಿ ಮುಗಿದ ಮಳಿಗೆಗಳ ಮರುಹರಾಜು ಯಾವ ಅಭ್ಯರ್ಥಿಯ ಕರಪತ್ರದಲ್ಲೂ ಇರುವುದಿಲ್ಲ, ಯಾಕೆಂದು ನಾವು ಬರೆಯಬೇಕಿಲ್ಲ.

ಪ್ರಶ್ನೆ: ಬೀದಿಬೀದಿಗೆ ಕಸದ ತೊಟ್ಟಿ ಇಡಿಸುವ ಭರವಸೆ ಕೊಟ್ಟಿದ್ದಾರೆ. ಒಳ್ಳೆಯದಲ್ಲವೇ?
(ಓದುಗರು, ಹಾವೇರಿ ಜಿಲ್ಲೆ)

ಉತ್ತರ: ಅಲ್ಲ. ತೊಟ್ಟಿ ಇಟ್ಟ ವಾರದಲ್ಲಿ ಅದರ ಸುತ್ತ ಕಸ, ಹಂದಿ, ನಾಯಿ. ಹಸಿ, ಒಣ ಕಸ ಒಂದಾದ ಮೇಲೆ ಗೊಬ್ಬರವೂ ಆಗದು, ಮಾರಲೂ ಬಾರದು. 18,000 ಜನರ ಊರಿನಲ್ಲಿ ತಲೆಗೆ 300 ಗ್ರಾಂ ಹಿಡಿದರೆ ದಿನಕ್ಕೆ ಐದೂವರೆ ಟನ್ ಹತ್ತಿರ ಕಸ, ಅದರಲ್ಲಿ ಅರ್ಧದಷ್ಟು ಹಸಿ. 700 ಜನಕ್ಕೆ ಒಬ್ಬ ಪೌರಕಾರ್ಮಿಕ ಎಂಬ ರಾಜ್ಯದ ಲೆಕ್ಕದಲ್ಲಿ ಆ ಊರಿಗೆ 26 ಮಂದಿ ಬೇಕು. ನಿಮ್ಮಲ್ಲಿ ಎಷ್ಟು ಮಂದಿ ಇದ್ದಾರೆ, ಆಟೊ ಟಿಪ್ಪರ್ ನಿಮ್ಮ ಬೀದಿಗೆ ಎಷ್ಟು ಗಂಟೆಗೆ ಬರುತ್ತದೆ, ಸುರಿಯುವ ಜಾಗದಲ್ಲಿ ಗೊಬ್ಬರದ ಗುಂಡಿ ಇದೆಯೋ ಬೆಂಕಿ ಇದೆಯೋ, ಇದನ್ನು ಕೇಳಿ.

ಪ್ರಶ್ನೆ: ಸಿಸಿ ರಸ್ತೆ ಆದ ಮೇಲೆ ಮಳೆ ನೀರು ಮನೆಯೊಳಕ್ಕೇ ಬರುತ್ತಿದೆ. ಈಗ ಅದೇ ರಸ್ತೆಯನ್ನು ಪೈಪಿಗೆಂದು ಅಗೆಯುತ್ತಾರಂತೆ.
(ಟೈಲರ್, ಕೊಪ್ಪಳ ಜಿಲ್ಲೆ)

ಉತ್ತರ: ಮೊದಲು ಪೈಪು, ಆಮೇಲೆ ಚರಂಡಿ, ಕೊನೆಗೆ ರಸ್ತೆ. ಮನೆ ಕಟ್ಟುವ ಮೇಸ್ತ್ರಿಗೂ ಗೊತ್ತಿರುವ ಈ ಕ್ರಮ ತಲೆಕೆಳಗಾಗುವುದು ರಸ್ತೆ ಕಣ್ಣಿಗೆ ಕಾಣುತ್ತದೆ, ಪೈಪು ಕಾಣುವುದಿಲ್ಲ ಎಂಬುದರಿಂದ. ಹಳೇ ರಸ್ತೆಯನ್ನು ಕೆತ್ತದೆ ಮೇಲೆ ಮೇಲೆ ಸುರಿದರೆ ಹೊಸಿಲು ತಗ್ಗಾಗುತ್ತದೆ. ಇನ್ನೊಂದು ತಪ್ಪು ಚರಂಡಿಯ ತಳದ್ದು: ನಿಮ್ಮ ಬಚ್ಚಲ ಪೈಪಿನ ಬಾಯಿಗಿಂತ ತಳ ಮೇಲಿದ್ದರೆ, ಅಥವಾ ಇಳಿಜಾರು ರಾಜಕಾಲುವೆಯ ಕಡೆಗಿಲ್ಲದಿದ್ದರೆ ಎಷ್ಟು ಹೂಳೆತ್ತಿದರೂ ನೀರು ನಿಂತೇ ನಿಲ್ಲುತ್ತದೆ. ಅಭ್ಯರ್ಥಿಯ ಎದುರೇ ಒಂದು ಬಕೆಟ್ ನೀರು ಚರಂಡಿಗೆ ಸುರಿದು ಯಾವ ಕಡೆ ಹೋಗುತ್ತದೆ ನೋಡಿ. ಹೊಸ ಕಾಂಕ್ರೀಟ್ ಹಾಕಿದರೆ ಕನಿಷ್ಠ ಎರಡು ವಾರ ಒದ್ದೆ ಇರಬೇಕು, 28ನೇ ದಿನದ ಕ್ಯೂಬ್ ಪರೀಕ್ಷೆಯ, ಅಂದರೆ ಕಾಂಕ್ರೀಟಿನ ಗಟ್ಟಿತನದ ಪರೀಕ್ಷೆಯ ವರದಿ ಕಡತದಲ್ಲಿರಬೇಕು. ಒಂದೇ ರಸ್ತೆಯನ್ನು ಟೆಂಡರ್ ತಪ್ಪಿಸಲು ಮೂರು ನಾಲ್ಕು ಸಣ್ಣ ಬಿಲ್ಲು ಮಾಡಿದ್ದರೆ ಅದು ತುಂಡು ಗುತ್ತಿಗೆ; ರಸ್ತೆಯ ಗುಣಮಟ್ಟ ಅಲ್ಲೇ ಗೊತ್ತಾಯಿತು.

ಶೌಚಾಲಯದ ಗುಂಡಿ ನೀರು ಚರಂಡಿಗೆ ಬಿಟ್ಟಿರುವ ಬೀದಿಯಾದರೆ ಯುಜಿಡಿ ಬರುವವರೆಗೆ ಕಾಯಬೇಕಿಲ್ಲ. ದೇವನಹಳ್ಳಿಯಲ್ಲಿ 2015ರಿಂದ ಶೌಚಗುಂಡಿಯ ಮಲವನ್ನು ಸಂಸ್ಕರಿಸುವ ಘಟಕ ಇದೆ. ಗುಂಡಿಯನ್ನು ಎರಡು ಮೂರು ವರ್ಷಕ್ಕೊಮ್ಮೆ ಸಕ್ಕಿಂಗ್ ಯಂತ್ರದಿಂದ ತೆಗೆಸಿ, ಅಂಥ ಘಟಕಕ್ಕೆ ಸಾಗಿಸುವುದು ಸಣ್ಣ ಊರಿನ ಕೈಗೆಟಕುವ ಕೆಲಸ. ಗುಂಡಿಗೆ ಮನುಷ್ಯರನ್ನು ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಅಪರಾಧ.

ಪ್ರಶ್ನೆ: ‘ನಾನೇ ಅಧ್ಯಕ್ಷ, ಗೆದ್ದ ಮರುದಿನವೇ ಕೆಲಸ’ ಎನ್ನುವವರನ್ನು ನಂಬಬಹುದೇ?
(ಪದವಿ ವಿದ್ಯಾರ್ಥಿ, ಹಾಸನ ಜಿಲ್ಲೆ)

ಉತ್ತರ: ಅಧ್ಯಕ್ಷರನ್ನು ನೀವು ಆರಿಸುವುದಿಲ್ಲ, ಸದಸ್ಯರು ಆರಿಸುತ್ತಾರೆ, ಜೊತೆಗೆ ಕ್ಷೇತ್ರದ ಶಾಸಕ, ಸಂಸದರಿಗೂ ಮತ ಇದೆ. ಸರ್ಕಾರ ನಾಮಕರಣ ಮಾಡಿದವರಿಗಿಲ್ಲ. ಅವಧಿ 30 ತಿಂಗಳು, ಹುದ್ದೆ ಯಾವ ವರ್ಗಕ್ಕೆ ಎಂಬುದು ಸರ್ಕಾರದ ಮೀಸಲಾತಿ ಪಟ್ಟಿಯಲ್ಲಿ ಬರಬೇಕು. ಆ ಪಟ್ಟಿ ಕೋರ್ಟಿಗೆ ಹೋದರೆ ಏನಾಗುತ್ತದೆ ಎಂಬುದನ್ನು ರಾಜ್ಯ ನೋಡಿದೆ: 2018ರ ಆಗಸ್ಟ್ 31ರಂದು ಮತದಾನ ನಡೆದ ನೂರಕ್ಕೂ ಹೆಚ್ಚು ಸ್ಥಳೀಯ ಸಂಸ್ಥೆಗಳಲ್ಲಿ ಹೆಚ್ಚಿನವಕ್ಕೆ ಅಧ್ಯಕ್ಷರು ಬಂದದ್ದು 2020ರ ಕೊನೆಗೆ. ಗೆದ್ದವರು ಪ್ರಮಾಣಪತ್ರ ಹಿಡಿದು ಎರಡು ವರ್ಷ ಕಾದರು, ಊರು ನಡೆಸಿದ್ದು ಆಡಳಿತಾಧಿಕಾರಿ. ಮೊದಲ ಅವಧಿ 2023ರಲ್ಲಿ ಮುಗಿದ ಮೇಲೂ ಎರಡನೆಯದಕ್ಕೆ ಮೀಸಲಾತಿ ಪ್ರಕಟವಾದದ್ದು 2024ರ ಆಗಸ್ಟ್‌ನಲ್ಲಿ. ಹಾಗಾಗಿ ಅಧ್ಯಕ್ಷಗಿರಿಯ ಮೇಲೆ ನಿಂತ ಭರವಸೆಗಿಂತ ಬರೀ ಸದಸ್ಯರಾಗಿ ಮಾಡಬಲ್ಲ ಕೆಲಸದ ಭರವಸೆಗೆ ಬೆಲೆ ಕೊಡಿ.

ಪ್ರಶ್ನೆ: ಬೀದಿ ನಾಯಿಗಳನ್ನು ಹಿಡಿಸಿ ಕಾಡಿಗೆ ಬಿಡಿಸುತ್ತಾರಂತೆ. ಸಾಧ್ಯವೇ?
(ಓದುಗರು, ಶಿವಮೊಗ್ಗ ಜಿಲ್ಲೆ)

ಉತ್ತರ: ಕಾಡಿಗೆ ಬಿಡುವುದು ಕಾನೂನಿಗೆ ವಿರುದ್ಧ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ದಾರಿ ಸಂತಾನಹರಣ ಚಿಕಿತ್ಸೆ ಮತ್ತು ರೇಬಿಸ್ ಲಸಿಕೆ. ಕೋಳಿ ಅಂಗಡಿ ತ್ಯಾಜ್ಯ ಎಲ್ಲಿ ಬೀಳುತ್ತದೆ ಎಂಬುದನ್ನು ಮೊದಲು ಸರಿಪಡಿಸಿದರೆ ಅರ್ಧ ಗುಂಪು ಚದುರುತ್ತದೆ.

ಪ್ರಶ್ನೆ: ಮಹಿಳಾ ಮೀಸಲು ವಾರ್ಡಿನಿಂದ ನಾನೇ ನಿಲ್ಲಬೇಕೆಂದಿದ್ದೇನೆ. ಮನೆಯವರು ‘ನೀನು ಸಹಿ ಹಾಕು, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ’ ಎನ್ನುತ್ತಾರೆ. ಕರಪತ್ರದಲ್ಲಿ ಏನು ಬರೆಯಲಿ?
(ಸ್ವಸಹಾಯ ಸಂಘದ ಸದಸ್ಯೆ, ಮಂಡ್ಯ ಜಿಲ್ಲೆ)

ಉತ್ತರ: ಸಹಿ ಹಾಕುವವರೇ ಲೆಕ್ಕಕ್ಕೆ ಉತ್ತರ ಕೊಡಬೇಕಾದವರು. ಸಭೆಯಲ್ಲಿ ಹಾಜರಿ, ಮಾತು, ಮತ ನಿಮ್ಮದೇ. ಯಜಮಾನರಿಗೆ ಅಲ್ಲಿ ಕುರ್ಚಿ ಇಲ್ಲ. ಇದನ್ನು ನಾಮಪತ್ರಕ್ಕೆ ಮುಂಚೆಯೇ ಮನೆಯಲ್ಲಿ ಹೇಳಿಬಿಡಿ.

ಈಗಲೇ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಎರಡು ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಒಂದರಲ್ಲಿ ನಿಮ್ಮ ವಾರ್ಡಿನಲ್ಲಿ ಮೂರು ವರ್ಷದಲ್ಲಿ ಆದ ಕಾಮಗಾರಿಗಳ ಪಟ್ಟಿ, ಮೊತ್ತ. ಇನ್ನೊಂದರಲ್ಲಿ ಸಾಮಾನ್ಯ ಸಭೆಗಳ ನಡಾವಳಿ. ಉತ್ತರಕ್ಕೆ 30 ದಿನ ಹಿಡಿಯುತ್ತದೆ, ಆದ್ದರಿಂದ ಚುನಾವಣೆ ಘೋಷಣೆಗೆ ಕಾಯಬೇಡಿ. ವಾರ್ಡ್ ಮತದಾರರ ಕರಡು ಪಟ್ಟಿ ಬಂದ ದಿನವೇ ಬೀದಿಬೀದಿ ಓದಿ. ವಾರ್ಡ್ ವಿಂಗಡಣೆ ಆದಾಗ ಒಂದೇ ಮನೆಯ ಹೆಸರುಗಳು ಎರಡು ವಾರ್ಡಿಗೆ ಹಂಚಿಹೋಗುವುದು ಮಾಮೂಲು, ಆಕ್ಷೇಪಣೆಯ ದಿನ ಕಳೆದ ಮೇಲೆ ಗೋಗರೆದು ಪ್ರಯೋಜನವಿಲ್ಲ. ಖರ್ಚಿಗೊಂದು ನೋಟ್‌ಬುಕ್ ಇಡಿ. 2018ರಲ್ಲಿ ಪಟ್ಟಣ ಪಂಚಾಯಿತಿಗೆ 1 ಲಕ್ಷ, ಪುರಸಭೆಗೆ 1.5 ಲಕ್ಷ ಮಿತಿ ಇತ್ತು, ಈಗಿನ ಮಿತಿಯನ್ನು ಚುನಾವಣಾಧಿಕಾರಿಯಿಂದ ಬರಹದಲ್ಲಿ ಪಡೆಯಿರಿ. ಸೋತರೂ ಲೆಕ್ಕ ಕೊಡಬೇಕು.

ನೀರು ಬಿಡುವ ದಿನ ನೀರುಗಂಟಿಯ ಜೊತೆ ಬೆಳಿಗ್ಗೆ ನಡೆಯಿರಿ. ಯಾವ ವಾಲ್ವ್ ಎಷ್ಟು ಸುತ್ತು ತಿರುಗುತ್ತದೆ, ಯಾವ ಬೀದಿಯವರು ಬೈಯುತ್ತಾರೆ ಎಂಬುದು ಕಚೇರಿಯ ನಕ್ಷೆಗಿಂತ ಆತನಿಗೆ ಚೆನ್ನಾಗಿ ಗೊತ್ತು. ಕರಪತ್ರಕ್ಕೆ ಮೂರೇ ಕೆಲಸ ಸಾಕು, ಆದರೆ ಹೀಗೆ ಬರೆಯಿರಿ: ‘ಗುಡಿ ಬೀದಿ ತಿರುವಿನಿಂದ ಕೊನೆಯ ಮನೆಯವರೆಗೆ 140 ಮೀಟರ್ ಪೈಪು, ಹೊಸ ವಾಲ್ವ್ ಒಂದು, ಹಣಕಾಸು ಆಯೋಗದ ನೀರಿನ ಬಾಬ್ತಿನಿಂದ, ಮೊದಲ ಬಜೆಟ್‌ನಲ್ಲಿ.’ ಉದ್ದವನ್ನು ಟೇಪು ಹಿಡಿದು ಅಳೆದಿರಬೇಕು. ಎದುರಾಳಿ ಬಂದು ಅಳೆದರೂ ಅಷ್ಟೇ ಬರಬೇಕು.